ಟೆಸ್ಟ್ ಪೈಲಟ್ ಲೇಖನದ ಬಗ್ಗೆ: ಬಾಲದ ಕಥೆ ಎಲ್ಲಿ?

ನಮಸ್ಕಾರ,

ಟೆಸ್ಟ್ ಪೈಲಟ್‌ಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

1947ರ ಅಕ್ಟೋಬರ್ 14ರಂದು ಚಕ್ ಯೇಗರ್ ಬೆಲ್ ಎಕ್ಸ್-1 ವಿಮಾನದಲ್ಲಿ ಶಬ್ದದ ವೇಗ ದಾಟಿದ್ದೇ ನಿಮ್ಮ ಲೇಖನದ ಜೀವ. ಅಲ್ಲಿ ಎರಡು ಪುಟ ಬರೀ ಯೇಗರ್ ಕುದುರೆಯಿಂದ ಬಿದ್ದು ಪಕ್ಕೆಲುಬು ಮುರಿದುಕೊಂಡದ್ದಕ್ಕೇ ಹೋಗಿದೆ. ಘಟನೆ ನಿಜ. ಆ ನೋವಿಗೆ ಕೈ ಆಡದೆ ಪೊರಕೆ ಹಿಡಿಯ ತುಂಡಿನಿಂದ ವಿಮಾನದ ಬಾಗಿಲು ಹಾಕಿಕೊಂಡದ್ದೂ ನಿಜ. ಆದರೆ ನಾಲ್ಕು ಸಾಲು ಸಾಕು. 'ಸಿಂಹದೆದೆ', 'ಸಾವಿಗೇ ಸವಾಲು' ಇಂಥವನ್ನೆಲ್ಲ ತೆಗೆಯಿರಿ.

ವಿಮಾನದ ಬಾಲದ ವಿಷಯ ಎಲ್ಲಿ ಹೋಯಿತು? ಕೆಲವೇ ದಿನ ಮೊದಲಿನ ಹಾರಾಟದಲ್ಲಿ, ಮ್ಯಾಕ್ 0.94ರ (ಅಂದರೆ ಶಬ್ದದ ವೇಗದ 0.94 ಪಟ್ಟು) ಹತ್ತಿರ, ಯೇಗರ್ ಕಂಟ್ರೋಲ್ ಹಿಂದಕ್ಕೆಳೆದರೂ ಮೂಗು ಮೇಲೇಳಲಿಲ್ಲ. ಆಘಾತ ತರಂಗ, ಅಂದರೆ ಗಾಳಿಯ ಒತ್ತಡ ಥಟ್ಟನೆ ಏರುವ ಪದರ, ಅಡ್ಡಬಾಲದ ಹಿಂಭಾಗದಲ್ಲಿದ್ದು ಮೂಗನ್ನು ಏರಿಳಿಸುವ ಪಟ್ಟಿಯಾದ ಎಲಿವೇಟರ್‌ನ ಕೀಲಿನ ಹತ್ತಿರವೇ ಬಂದು ಕೂತಿತ್ತು. ಎಲಿವೇಟರ್ ಆಡುತ್ತಿತ್ತು, ವಿಮಾನ ಮಾತ್ರ ಕೇಳುತ್ತಿರಲಿಲ್ಲ. ಎಂಜಿನಿಯರ್ ಜ್ಯಾಕ್ ರಿಡ್ಲಿ ಹೇಳಿದ್ದು ಇಷ್ಟು: ಎಲಿವೇಟರ್ ನಂಬಿ ಕೂರುವುದು ಬೇಡ, ಇಡೀ ಅಡ್ಡಬಾಲವನ್ನೇ ಸ್ವಲ್ಪ ಸ್ವಲ್ಪ ತಿರುಗಿಸಿ ನೋಡೋಣ. ಎಕ್ಸ್-1ರಲ್ಲಿ ಆ ಅನುಕೂಲ ಮೊದಲೇ ಇತ್ತು. ಮ್ಯಾಕ್ 1.06 ಕೈಗೆ ಸಿಕ್ಕಿದ್ದು ಹಾಗೆ. ಮುಂದೆ ಶಬ್ದದ ವೇಗ ಮೀರುವ ಸೂಪರ್‌ಸಾನಿಕ್ ಯುದ್ಧವಿಮಾನಗಳಲ್ಲಿ ಇಡಿಯಾಗಿ ತಿರುಗುವ ಬಾಲ ಮಾಮೂಲಾಯಿತು. ನಿಮ್ಮಲ್ಲಿ ರಿಡ್ಲಿ ಬರುವುದು ಪೊರಕೆ ಹಿಡಿಯ ಜೊತೆ ಮಾತ್ರ. ಅನ್ಯಾಯ ಅಲ್ವಾ?

'ಗಂಟೆಗೆ 1,235 ಕಿ.ಮೀ. ಮೀರಿ ಹಾರಿದ' ಅಂದಿದ್ದೀರಿ. ತಪ್ಪು. ಅದು ಸಮುದ್ರಮಟ್ಟದ ಲೆಕ್ಕ. 13 ಕಿ.ಮೀ. ಎತ್ತರದ ತಣ್ಣನೆಯ ಗಾಳಿಯಲ್ಲಿ ಶಬ್ದವೇ ನಿಧಾನ, ಸುಮಾರು 1,060. ಯೇಗರ್ ವೇಗ ಸುಮಾರು 1,127 ಇತ್ತು.

ಇನ್ನು ಮೆಲ್ ಆಪ್ಟ್. 'ಆತುರಪಟ್ಟು ಪ್ರಾಣ ಕಳೆದುಕೊಂಡ' ಎಂದು ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ. ಓದಿ ನಿಜಕ್ಕೂ ಬೇಜಾರಾಯಿತು. 1956ರ ಸೆಪ್ಟೆಂಬರ್ 27ರಂದು ಎಕ್ಸ್-2 ರಾಕೆಟ್ ವಿಮಾನದಲ್ಲಿ ಮ್ಯಾಕ್ 3 ದಾಟಿದ ಮೊದಲ ಮನುಷ್ಯ ಅವರು. ರಾಕೆಟ್ ವಿಮಾನದಲ್ಲಿ ಅದೇ ಅವರ ಮೊದಲ ಹಾರಾಟ. ವೇಗ ತಗ್ಗುವ ಮೊದಲೇ ತಿರುಗಿಸಿದರು, ವಿಮಾನ ಹಿಡಿತ ತಪ್ಪಿ ಉರುಳಿತು. ಮುಂಭಾಗವನ್ನು ಬೇರ್ಪಡಿಸಿಕೊಂಡರೂ ಅದರಿಂದ ಹೊರಬರಲು ಸಮಯ ಸಾಲಲಿಲ್ಲ. ರೆಕ್ಕೆ ಗಿಡ್ಡ, ಭಾರವೆಲ್ಲ ಉದ್ದನೆಯ ಒಡಲಲ್ಲಿ. ಇಂಥ ವಿಮಾನ ಆ ವೇಗದಲ್ಲಿ ಹೊರಳಿದರೆ ಮೂಗೂ ಅಡ್ಡ ತಿರುಗಿಬಿಡುತ್ತದೆ. ಅದನ್ನು ತಡೆಯುವ ಶಕ್ತಿ ಬಾಲಕ್ಕೆ ಉಳಿದಿರುವುದಿಲ್ಲ. 1953ರ ಡಿಸೆಂಬರ್‌ನಲ್ಲಿ ಎಕ್ಸ್-1ಎ ಹಾರಿಸುವಾಗ ಯೇಗರ್‌ಗೂ ಇದೇ ಗತಿಯಾಗಿತ್ತು. ಮ್ಯಾಕ್ 2.44 ಮುಟ್ಟಿದ ಮೇಲೆ ಸುಮಾರು 15 ಕಿ.ಮೀ. ಉರುಳುತ್ತಾ ಬಿದ್ದ ನಂತರವೇ ಹಿಡಿತ ಸಿಕ್ಕಿದ್ದು. ಯೇಗರ್ ವೀರ, ಆಪ್ಟ್ ಆತುರಗೇಡಿ ಅಂದರೆ ಹೇಗೆ? ಇಬ್ಬರನ್ನೂ ಪಕ್ಕಪಕ್ಕ ಇಟ್ಟು ಬರೆಯಿರಿ.

ಹೊತ್ತೊಯ್ದ ಬಿ-29 ಬಾಂಬರ್ ವಿಮಾನದ ಹೊಟ್ಟೆಯಿಂದ ಎಕ್ಸ್-1 ಕಳಚಿಕೊಳ್ಳುವ ಭಾಗ ಮಾತ್ರ ತುಂಬಾ ಚೆನ್ನಾಗಿದೆ. ನೆರಳಿನಿಂದ ಏಕಾಏಕಿ ಬಿಸಿಲಿಗೆ ಬೀಳುವುದನ್ನು ಒಂದೂ ವಿಶೇಷಣ ಇಲ್ಲದೆ ಬರೆದಿದ್ದೀರಿ. ಲೇಖನ ಅಲ್ಲಿಂದಲೇ ಶುರುವಾಗಲಿ. ಎಕ್ಸ್-15ರ ಭಾಗ ಸದ್ಯ ಬಿಡಿ, ಅದಕ್ಕೆ ಬೇರೆ ಲೇಖನವೇ ಬೇಕು. ತಿದ್ದಿ ನೇರವಾಗಿ ನನಗೇ ಕಳಿಸಿ.