ಬಡಾವಣೆಯ ಪಾರ್ಕಿನಲ್ಲಿ ಕಲಾಕೃತಿ ಬೇಕಾ? ಬೇಕಿದ್ದರೆ ಎಂಥದ್ದು?

ಓದುವ ಬೇರೆಯವರಿಗೂ ಗೊತ್ತಾಗಲಿ ಅಂತ ನಿಮ್ಮ ಪ್ರಶ್ನೆಯನ್ನು ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ. ಬೆಂಗಳೂರಿನ ನಿಮ್ಮ ಬಡಾವಣೆಯಲ್ಲಿ ಸುಮಾರು ಒಂದು ಎಕರೆಯ ಪಾರ್ಕ್ ಇದೆ. ಅದನ್ನು ಹೊಸದಾಗಿ ಮಾಡಿಸಲು ಪಾಲಿಕೆಯಿಂದ ಹಣ ಬಂದಿದೆ. ನಿವಾಸಿಗಳ ಸಂಘದಲ್ಲಿ ಕೆಲವರು "ಒಂದು ಒಳ್ಳೆ ಶಿಲ್ಪ ಇಡಿಸೋಣ" ಅಂತಾರೆ. ಉಳಿದವರು "ಅದೆಲ್ಲ ದಂಡ, ಇನ್ನೂ ನಾಲ್ಕು ಲೈಟ್ ಹಾಕಿಸಿ" ಅಂತಾರೆ. ಯಾರ ಮಾತು ಸರಿ, ಇಡಿಸುವುದಾದರೆ ಎಂಥದ್ದು, ಹೇಗೆ ಅಂತ ಕೇಳಿದ್ದೀರಿ.

ನಾನು ಕಲ್ಲಿನ ಕೆಲಸ ಮಾಡುವವನು. ಶಿಲ್ಪಕಲೆ ಓದಿ, ಆಮೇಲೆ ಪಾರ್ಕು, ಶಾಲೆ, ಕೆರೆ ದಂಡೆಗಳಲ್ಲಿ ಕೆಲಸ ಮಾಡುತ್ತಾ ಬಂದಿದ್ದೇನೆ. ಆದರೂ ಮೊದಲು ಲೈಟ್ ಹಾಕಿಸಿ ಅಂತಲೇ ಹೇಳುತ್ತೇನೆ. ಸಂಜೆ ಏಳು ಗಂಟೆಗೆ ಹೆಂಗಸರು ಒಳಗೆ ಬರಲು ಹೆದರುವ ಪಾರ್ಕಿನಲ್ಲಿ ಎಂಥ ಶಿಲ್ಪ ಇಟ್ಟರೂ ನೋಡೋರು ಯಾರು? ಲೈಟು, ಕುಡಿಯುವ ನೀರು, ಶೌಚಾಲಯ ಸರಿಯಾದ ಮೇಲೆ ಹಣ ಉಳಿದರೆ ಖಂಡಿತ ಮಾಡಿಸಿ. ಆಗಲೂ ಜನ ಒರಗಿ ಕೂರುವಂಥದ್ದು, ಮಕ್ಕಳು ಹತ್ತಿ ಇಳಿಯುವಂಥದ್ದು, ಮುಟ್ಟಿದರೆ ಏನೂ ಆಗದಂಥದ್ದೇ ಇರಲಿ. ಸುತ್ತ ಬೇಲಿ ಹಾಕಿ "ಮುಟ್ಟಬೇಡಿ" ಅಂತ ಬರೆಯಬೇಕಾದ ಶಿಲ್ಪ ಒಂದು ಎಕರೆ ಪಾರ್ಕಿಗೆ ಒಗ್ಗುವುದಿಲ್ಲ.

ಪಾರ್ಕಿನ ಶಿಲ್ಪ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ತಲೆಗೆ ಬರುವುದು ಕಬ್ಬನ್ ಪಾರ್ಕ್. 1906ರ ವಿಕ್ಟೋರಿಯಾ ರಾಣಿ, 1913ರ ಶೇಷಾದ್ರಿ ಅಯ್ಯರ್, ಹೈಕೋರ್ಟ್ ಮುಂದಿನಿಂದ 2020ರಲ್ಲಿ ಪಾರ್ಕಿನ ಒಳಗೆ ಬಂದ ಮಾರ್ಕ್ ಕಬ್ಬನ್. ಎಲ್ಲರೂ ಎತ್ತರದ ಪೀಠದ ಮೇಲಿದ್ದಾರೆ. ದೊಡ್ಡ ಮರಗಳ ಸಾಲು, ಅಗಲವಾದ ದಾರಿ ಇರುವ ಜಾಗಕ್ಕೆ ಅದು ಒಪ್ಪುತ್ತದೆ. ದೂರದಿಂದ ನೋಡಬೇಕು, ತಲೆ ಎತ್ತಿ ನೋಡಬೇಕು ಅಂತಲೇ ಮಾಡಿದ್ದು ಅದು. ನಿಮ್ಮ ಪಾರ್ಕಿನಲ್ಲಿ ಅಷ್ಟು ದೂರವೇ ಇರುವುದಿಲ್ಲ. ಅಲ್ಲಿ ಜನ ಶಿಲ್ಪದಿಂದ ಒಂದು ಮಾರು ದೂರದಲ್ಲಿ ದಿನವೂ ನಡೆಯುತ್ತಾರೆ.

ಅದಕ್ಕೇ ನಾನು ಅರಳಿಕಟ್ಟೆ ಕಡೆ ನೋಡಿ ಅಂತ ಹೇಳೋದು. ಮರ, ಸುತ್ತ ಕಲ್ಲಿನ ಕಟ್ಟೆ, ಕಟ್ಟೆ ಮೇಲೆ ಕೆತ್ತಿದ ನಾಗರಕಲ್ಲುಗಳು. ಅಲ್ಲಿ ಪೂಜೆ ನಡೆಯುತ್ತೆ, ಪಂಚಾಯಿತಿ ನಡೆಯುತ್ತೆ, ಮಧ್ಯಾಹ್ನ ಯಾರೋ ಮಲಗಿರುತ್ತಾರೆ. ನೆರಳು, ಕೂರುವ ಜಾಗ, ಕೆತ್ತನೆ ಮೂರೂ ಒಂದೇ ಕಡೆ. ಊರ ಮುಂದೆ ನಿಲ್ಲಿಸುತ್ತಿದ್ದ ವೀರಗಲ್ಲುಗಳೂ ಹಾಗೇ, ದಾರಿಯಲ್ಲಿ ಹೋಗುವವರ ಕಣ್ಣಿಗೆ ಬೀಳಲಿ ಅಂತ ನಿಲ್ಲಿಸಿದವು. ಬೆಂಗಳೂರಿನಲ್ಲೇ ಹೆಬ್ಬಾಳದ ಕಿತ್ತಯ್ಯನ ಶಾಸನ ಇದೆ. ಸುಮಾರು ಕ್ರಿ.ಶ. 750ರದ್ದು, ಗಂಗರ ಶ್ರೀಪುರುಷನ ಕಾಲದ್ದು. ಊರಿಗಾಗಿ ಹೋರಾಡಿ ಸತ್ತ ಒಬ್ಬನ ನೆನಪಿಗೆ ಹಾಕಿಸಿದ ಕಲ್ಲು. ಹಾಳಾಗಿ ಹೋಗುವುದರಲ್ಲಿದ್ದ ಅದಕ್ಕೆ ಅಲ್ಲಿನ ಜನ, ಶಾಸನಗಳ ಬಗ್ಗೆ ಕಾಳಜಿ ಇರುವವರು ಸೇರಿ ಒಂದು ಮಂಟಪ ಕಟ್ಟಿಸಿದರು. ನನ್ನ ಮಟ್ಟಿಗೆ ಈಚಿನ ವರ್ಷಗಳಲ್ಲಿ ಈ ನಗರದಲ್ಲಿ ಆಗಿರುವ ಅತಿ ಒಳ್ಳೆಯ ಸಾರ್ವಜನಿಕ ಕಲೆಯ ಕೆಲಸಗಳಲ್ಲಿ ಇದೂ ಒಂದು. ನಿಮ್ಮ ಬಡಾವಣೆ ಯಾವ ಹಳ್ಳಿಯ ಜಮೀನಿನ ಮೇಲೆ ಎದ್ದಿದೆ ಅಂತ ಒಮ್ಮೆ ವಿಚಾರಿಸಿ. ಅಲ್ಲಿ ಇಂಥ ಹಳೆಯ ಕಲ್ಲು ಇದ್ದರೆ ಅದನ್ನು ಕಿತ್ತು ಪಾರ್ಕಿಗೆ ತರಬೇಡಿ. ಪುರಾತತ್ವ ಇಲಾಖೆಗೆ ತಿಳಿಸಿ, ಇದ್ದಲ್ಲೇ ಕಾಪಾಡುವ ದಾರಿ ನೋಡಿ. ಅದರ ಕತೆಯನ್ನು ಮಾತ್ರ ಪಾರ್ಕಿಗೆ ತನ್ನಿ.

ಈಗ ನಮ್ಮ ಪಾರ್ಕುಗಳಲ್ಲಿ ನಿಜವಾಗಿ ಏನಿದೆ ಅಂತ ನಿಮಗೂ ಗೊತ್ತು. ಫೈಬರ್ ಜಿರಾಫೆ, ಸಿಮೆಂಟ್ ಜಿಂಕೆ, ಅಣಬೆ ಆಕಾರದ ಆಸನ, ಬಾಯಿ ತೆರೆದ ಪೆಂಗ್ವಿನ್ ಕಸದ ಡಬ್ಬಿ. ಎಲ್ಲಾ ಊರಲ್ಲೂ ಒಂದೇ ಅಚ್ಚು. ಇದು ಯಾರದೋ ಅಭಿರುಚಿ ಕೆಟ್ಟದ್ದು ಅಂತಲ್ಲ, ಕೆಲಸ ಕೊಡುವ ರೀತಿಯೇ ಹಾಗಿದೆ. ಸರ್ಕಾರದ ಹಣದಲ್ಲಿ ಖರೀದಿ ಮಾಡುವಾಗ 1999ರ ಕೆ.ಟಿ.ಪಿ.ಪಿ. ಕಾಯ್ದೆ (ಸರ್ಕಾರಿ ಖರೀದಿ ಪಾರದರ್ಶಕವಾಗಿರಲಿ ಅಂತ ರಾಜ್ಯ ಮಾಡಿದ ಕಾನೂನು) ಪ್ರಕಾರ ಟೆಂಡರ್ ಕರೆಯಬೇಕು. ಕಡಿಮೆ ದರ ಹಾಕಿದವರಿಗೆ, ಅಂದರೆ ಎಲ್-1 ಆದವರಿಗೆ ಕೆಲಸ ಹೋಗುತ್ತೆ. ಪಾರ್ಕಿನ ದಾರಿ, ಬೇಲಿ, ಕಾರಂಜಿ, ಶಿಲ್ಪ ಎಲ್ಲ ಸೇರಿಸಿ ಒಂದೇ ಎಸ್ಟಿಮೇಟ್ ಆದಾಗ ಸಿವಿಲ್ ಕಂಟ್ರಾಕ್ಟರ್ ಅದನ್ನು ಹಿಡಿಯುತ್ತಾರೆ. ಕೊನೆಗೆ ಉಳಿದ ದುಡ್ಡಲ್ಲಿ ಎಲ್ಲಿಂದಲೋ ಸಿದ್ಧ ಗೊಂಬೆ ತಂದು ನಿಲ್ಲಿಸುತ್ತಾರೆ. ಹಾಗಾಗಿ ನೀವು ಎಂಜಿನಿಯರ್ ಹತ್ತಿರ ಮೊದಲ ದಿನವೇ ಕೇಳಬೇಕಾದ್ದು ಇದನ್ನು: ಕಲಾವಿದರ ಕೆಲಸವನ್ನು ಸಿವಿಲ್ ಕೆಲಸದಿಂದ ಬೇರೆ ಮಾಡಿ. ಪಾಯ, ಕ್ರೇನು, ವೈರಿಂಗ್ ಕಂಟ್ರಾಕ್ಟರಿಗೆ ಇರಲಿ. ವಿನ್ಯಾಸ ಮತ್ತು ಕೆತ್ತನೆಗೆ ಬೇರೆಯಾಗಿ ಕರೆಯಿರಿ. ನಾಲ್ಕೈದು ಜನ ಕಲಾವಿದರಿಂದ ಸಣ್ಣ ಮಾದರಿ ಮಾಡಿಸಿ, ಆ ಮಾದರಿಗೂ ಸಂಭಾವನೆ ಕೊಡಿ. ಪುಕ್ಕಟೆ ಮಾದರಿ ಕೇಳಿದರೆ ಒಳ್ಳೆಯವರು ಬರುವುದಿಲ್ಲ. ಈ ದಾರಿ ಪಾಲಿಕೆಯಲ್ಲಿ ಆಗದೇ ಇದ್ದರೆ ಸಂಘವೇ ಚಂದಾ ಎತ್ತಿ ಅಥವಾ ಯಾವುದಾದರೂ ಕಂಪನಿ ಸಮಾಜದ ಕೆಲಸಕ್ಕೆ ಅಂತ ಇಡುವ ಸಿ.ಎಸ್.ಆರ್. ಹಣದಲ್ಲಿ ಮಾಡಿಸಿ, ಪಾಲಿಕೆಯ ಲಿಖಿತ ಒಪ್ಪಿಗೆ ಪಡೆಯಬಹುದು. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1959ರಿಂದಲೇ ಒಂದು ನಿಯಮ ಇದೆ. ನಗರದ ಪುನರಾಭಿವೃದ್ಧಿ ಜಾಗದಲ್ಲಿ ಕಟ್ಟುವವರು ಕಟ್ಟಡದ ಖರ್ಚಿನ ನೂರಕ್ಕೆ ಒಂದು ಪಾಲನ್ನು ಕಲೆಗೆ ಇಡಬೇಕು. ನಮ್ಮ ಊರುಗಳಿಗೂ ಅಂಥದ್ದೊಂದು ಬಂದರೆ ಎಷ್ಟು ಒಳ್ಳೆಯದು.

ಎಲ್ಲಿ ಇಡಬೇಕು ಅನ್ನೋದು ಎಂಥದ್ದು ಇಡಬೇಕು ಅನ್ನೋದಕ್ಕಿಂತ ದೊಡ್ಡ ಪ್ರಶ್ನೆ. ನ್ಯೂಯಾರ್ಕಿನ ಒಂದು ಕತೆ ಹೇಳುತ್ತೇನೆ. 1981ರಲ್ಲಿ ಅಲ್ಲಿನ ಸರ್ಕಾರಿ ಕಚೇರಿಗಳ ಮುಂದಿನ ಅಂಗಳದಲ್ಲಿ ರಿಚರ್ಡ್ ಸೆರಾ ಅನ್ನುವ ದೊಡ್ಡ ಶಿಲ್ಪಿಯ ಕೆಲಸ ನಿಲ್ಲಿಸಿದರು. 120 ಅಡಿ ಉದ್ದ, 12 ಅಡಿ ಎತ್ತರದ ಉಕ್ಕಿನ ಗೋಡೆ. ಅಂಗಳ ಎರಡು ತುಂಡಾಯಿತು. ದಿನವೂ ಅಡ್ಡ ದಾಟಿ ಹೋಗುತ್ತಿದ್ದ ನೌಕರರು ಸುತ್ತು ಹಾಕಬೇಕಾಯಿತು. ವರ್ಷಗಟ್ಟಲೆ ಜಗಳ, ವಿಚಾರಣೆ, ಕೋರ್ಟು ಆಗಿ 1989ರಲ್ಲಿ ಅದನ್ನು ಕತ್ತರಿಸಿ ತೆಗೆದರು. ಶಿಲ್ಪಿಯಾಗಿ ನನಗೆ ಆ ಕೃತಿಯ ಮೇಲೆ ಗೌರವ ಇದೆ. ನಡೆಯುವವರ ಅನುಭವವನ್ನೇ ಬದಲಿಸಬೇಕು ಅಂತ ಸೆರಾ ಬೇಕೆಂದೇ ಹಾಗೆ ಮಾಡಿದ್ದರು. ಆದರೆ ಅಲ್ಲಿ ಕೆಲಸ ಮಾಡುವ ಜನರನ್ನು ಮೊದಲು ಕೂರಿಸಿ ಮಾತಾಡಿಸಿದ್ದರೆ ಇಷ್ಟು ಕಹಿ ಆಗುತ್ತಿರಲಿಲ್ಲ ಅಂತ ಅನಿಸುತ್ತೆ.

ನಿಮ್ಮ ಪಾರ್ಕಿನಲ್ಲೂ ಒಂದು ವಾರ ಬೇರೆ ಬೇರೆ ಹೊತ್ತಿನಲ್ಲಿ ಸುಮ್ನೆ ಕೂತು ನೋಡಿ. ವಾಕಿಂಗ್ ಮಾಡುವವರು ಎಲ್ಲಿ ನಿಲ್ಲುತ್ತಾರೆ? ವಯಸ್ಸಾದವರ ಗುಂಪು ಯಾವ ಮರದ ಕೆಳಗೆ ಸೇರುತ್ತೆ? ಮಕ್ಕಳು ಎಲ್ಲಿ ಹುಲ್ಲು ಸವೆಯುವ ಹಾಗೆ ಓಡುತ್ತಾರೆ? ಮನೆಗೆಲಸದವರು, ಡೆಲಿವರಿ ಹುಡುಗರು ಮಧ್ಯಾಹ್ನ ಎಲ್ಲಿ ಊಟ ಬಿಚ್ಚುತ್ತಾರೆ? ಅವರೂ ಆ ಪಾರ್ಕಿನವರೇ. ಸಂಘದ ಸಭೆಗೆ ಅವರನ್ನು ಯಾರೂ ಕರೆಯುವುದಿಲ್ಲ, ಹಾಗಾಗಿ ನೀವೇ ಹೋಗಿ ಮಾತಾಡಿಸಬೇಕು. ಕೆಲಸ ಆಗಬೇಕಾದ ಜಾಗ ಅಲ್ಲೇ ಕಾಣುತ್ತೆ. ಹೆಚ್ಚಿನ ಸಲ ಅದು ಪಾರ್ಕಿನ ನಟ್ಟನಡುವೆ ಇರುವುದಿಲ್ಲ, ಯಾವುದೋ ಹೊಂಗೆ ಮರದ ಬುಡದಲ್ಲಿರುತ್ತೆ. ಒಂದು ಎಚ್ಚರ ಮಾತ್ರ: ಮರದ ಬುಡಕ್ಕೆ ಪಾಯ ತೋಡಿ ಬೇರು ಕಡಿಯಬೇಡಿ. ಕಾಂಡದಿಂದ ದೂರ ಸರಿಸಿ, ಕಾಂಕ್ರೀಟ್ ಹಾಸದೆ, ಭಾರದ ಕಲ್ಲನ್ನು ಜಲ್ಲಿ ಹಾಸಿನ ಮೇಲೆ ಕೂರಿಸಬಹುದು.

ಇನ್ನು ಯಾವುದರಲ್ಲಿ ಮಾಡಿಸಬೇಕು ಅನ್ನೋದು. ಇದರಲ್ಲಿ ನನಗೆ ಹೇಳೋದು ಜಾಸ್ತಿ ಇದೆ.

ಫೈಬರ್ ಅಗ್ಗ, ಹಗುರ. ನಮ್ಮ ಬಿಸಿಲಿಗೆ ಬಣ್ಣ ಮಾಸುತ್ತೆ, ಮಕ್ಕಳು ಹತ್ತಿದರೆ ಬಿರಿಯುತ್ತೆ, ಬಿರಿದ ಅಂಚು ಕೈ ಕೊಯ್ಯುತ್ತೆ. ಸಿಮೆಂಟಿನ ಶಿಲ್ಪದ ಒಳಗೆ ಕಬ್ಬಿಣದ ಕಂಬಿ ಇರುತ್ತೆ. ಸಣ್ಣ ಬಿರುಕಲ್ಲಿ ನೀರು ಇಳಿದರೆ ಕಂಬಿ ತುಕ್ಕು ಹಿಡಿದು ಉಬ್ಬಿ, ಮೇಲಿನ ಸಿಮೆಂಟನ್ನು ಒಡೆದು ಹಾಕುತ್ತೆ. ಹಾಗಂತ ಸಿಮೆಂಟಿನಲ್ಲಿ ಒಳ್ಳೆ ಕೆಲಸ ಆಗುವುದಿಲ್ಲ ಅಂತಲ್ಲ. ಹಾವೇರಿ ಜಿಲ್ಲೆ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ನೋಡಿ. ಉತ್ತರ ಕರ್ನಾಟಕದ ಹಳ್ಳಿ ಬದುಕೇ ಅಲ್ಲಿ ಆಳೆತ್ತರದಲ್ಲಿ ನಿಂತಿದೆ. ಬಂದವರು "ಇವ ನಮ್ಮ ಕಾಕಾನ ಹಂಗ ಅದಾನ" ಅಂತ ಗುರುತು ಹಿಡಿಯುವಷ್ಟು ಜೀವ ಇದೆ. ಆದರೆ ಅಲ್ಲಿ ದಿನವೂ ನೋಡಿಕೊಳ್ಳುವ ಜನ ಇದ್ದಾರೆ, ಬಣ್ಣ ಮಾಸಿದರೆ ಬಳಿಯುವವರಿದ್ದಾರೆ. ನಿಮ್ಮ ಪಾರ್ಕಿನಲ್ಲಿ ಒಬ್ಬ ಮಾಲಿ ಇದ್ದರೆ ಹೆಚ್ಚು.

ಮರ ಬಲು ಚೆಂದ. ಲಾಲ್‌ಬಾಗಿನಲ್ಲಿ ಉರುಳಿದ ಮರಗಳಿಂದ ಕೆತ್ತಿದ ಶಿಲ್ಪಗಳನ್ನು ನೀವೂ ನೋಡಿರಬಹುದು. ನೆಲಕ್ಕೆ ತಾಗದ ಹಾಗೆ ಕಲ್ಲಿನ ಮೇಲೆ ಕೂರಿಸಿ, ವರ್ಷಕ್ಕೊಮ್ಮೆ ಎಣ್ಣೆ ಹಚ್ಚದಿದ್ದರೆ ಗೆದ್ದಲು ಬಿಡುವುದಿಲ್ಲ. ನಿಮ್ಮ ಪಾರ್ಕಿನಲ್ಲೇ ಗಾಳಿಗೆ ಬಿದ್ದ ಮರ ಇದ್ದರೆ ಅದನ್ನು ಹರಾಜಿಗೆ ಕಳಿಸುವ ಮೊದಲು ತೋಟಗಾರಿಕೆ ವಿಭಾಗದವರನ್ನು ಕೇಳಿ ನೋಡಿ.

ನನ್ನ ಆಯ್ಕೆ ಗ್ರಾನೈಟ್. ದೇವನಹಳ್ಳಿ ಕಡೆಯ ಸಾದರಹಳ್ಳಿ ಕಲ್ಲು ಇಲ್ಲೇ ಸಿಗುತ್ತೆ, ಮಳೆ ಬಿಸಿಲಿಗೆ ಜಗ್ಗುವುದಿಲ್ಲ. ಹೊಯ್ಸಳರ ಬಳಪದ ಕಲ್ಲು ಕೆತ್ತೋಕೆ ಸಲೀಸು, ಆದರೆ ಪಾರ್ಕಿಗೆ ಬೇಡ. ಕೀಲಿಯಲ್ಲಿ ಗೀಚಿದರೂ ಗೆರೆ ಉಳಿಯುತ್ತೆ. ಪಾಲಿಶ್ ಮಾಡಿದ ಕಲ್ಲೂ ಬೇಡ, ಮಳೆಯಲ್ಲಿ ಜಾರುತ್ತೆ. ಉಳಿಯ ಗುರುತು ಉಳಿಸಿ, ಅಂಚುಗಳನ್ನು ದುಂಡಗೆ ಮಾಡಿಸಿ. ಮೇಲ್ಭಾಗ ಸ್ವಲ್ಪ ಇಳಿಜಾರಿರಲಿ. ಕೆತ್ತನೆಯ ಗುಂಡಿಯಲ್ಲಿ ನೀರು ನಿಂತರೆ ಸೊಳ್ಳೆ ಆಗುತ್ತೆ, ಡೆಂಗಿ ಊರು ನಮ್ಮದು. ನೆರಳಲ್ಲೇ ಇಡಿ, ಏಪ್ರಿಲ್ ಮಧ್ಯಾಹ್ನ ಕಲ್ಲಿನ ಮೇಲೆ ಕೂರೋಕಾಗಲ್ಲ. ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ತಲೆಮಾರುಗಳಿಂದ ಕಲ್ಲು ಕೆತ್ತುವ ಮನೆತನಗಳಿವೆ. ಅವರಿಗೆ ಬರುವುದು ಹೆಚ್ಚಾಗಿ ದೇವರ ವಿಗ್ರಹದ ಆರ್ಡರ್. ಒಬ್ಬ ಯುವ ಕಲಾವಿದರನ್ನೂ ಅಲ್ಲಿನ ಒಬ್ಬ ಶಿಲ್ಪಿಯನ್ನೂ ಜೊತೆ ಮಾಡಿಸಿ ನೋಡಿ. ಒಂದು ಉದ್ದನೆ ಕಲ್ಲಿನ ಕಟ್ಟೆ, ಅದರ ಬದಿಯಲ್ಲಿ ನಿಮ್ಮ ಬಡಾವಣೆಯ ಹಕ್ಕಿ, ಹಳೆಯ ಕೆರೆ, ತೋಟದ ಕೆತ್ತನೆ, ಒಂದು ತುದಿಯಲ್ಲಿ ಕೊರೆದ ಚೌಕಾಬಾರದ ಮನೆ. ಇಷ್ಟಿದ್ದರೆ ಮಕ್ಕಳೂ ಅಜ್ಜಿಯರೂ ಒಂದೇ ಕಡೆ ಕೂರುತ್ತಾರೆ.

ಗೋಡೆ ಚಿತ್ರದ ಬಗ್ಗೆ ಸ್ವಲ್ಪದರಲ್ಲಿ ಹೇಳುತ್ತೇನೆ. 2009ರ ಸುಮಾರಿಗೆ ಬೆಂಗಳೂರಿನ ಕಾಂಪೌಂಡ್ ಗೋಡೆಗಳ ಮೇಲೆ ಪಾಲಿಕೆ ಚಿತ್ರ ಬರೆಸಿತು. ಬರೆದವರಲ್ಲಿ ಸಿನಿಮಾ ಬ್ಯಾನರ್ ಕಲಾವಿದರು ಇದ್ದರು. ಫ್ಲೆಕ್ಸ್ ಬಂದು ಅವರ ಅನ್ನ ಕಿತ್ತುಕೊಂಡಿತ್ತು, ಆ ಗೋಡೆಗಳು ಅವರಿಗೆ ಕೆಲಸ ಕೊಟ್ಟವು. 2016ರಲ್ಲಿ ಇಲ್ಲೇ ಶುರುವಾದ ಅರವಾನಿ ಆರ್ಟ್ ಪ್ರಾಜೆಕ್ಟ್‌ನಲ್ಲಿ ಟ್ರಾನ್ಸ್‌ಜೆಂಡರ್ ಮಹಿಳೆಯರು ಬೇರೆಯವರ ಜೊತೆ ನಿಂತು ಬೀದಿ ಗೋಡೆಗಳಿಗೆ ಬಣ್ಣ ಹಾಕುತ್ತಾರೆ. ಯಾರು ಬರೆಯುತ್ತಾರೆ ಅನ್ನೋದೂ ಕಲೆಯ ಭಾಗವೇ ಅಂತ ಅವರ ಕೆಲಸ ನೋಡಿದರೆ ಅರ್ಥ ಆಗುತ್ತೆ. ನೀವು ಗೋಡೆ ಆರಿಸಿಕೊಂಡರೆ ಮೊದಲು ತೇವ ನಿಲ್ಲಿಸಿ. ಮತ್ತೆ ಬರೆಸಲು ಹಣ ಇಡಿ. ಅದು ಕೆಲವು ವರ್ಷದ ಬಾಳಿಕೆಯದ್ದು ಅಂತ ಒಪ್ಪಿಕೊಂಡೇ ಮಾಡಿಸಬೇಕು.

ವ್ಯಕ್ತಿಗಳ ಪ್ರತಿಮೆ ಬೇಕು ಅಂತ ಸಭೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ರಸ್ತೆ, ಫುಟ್‌ಪಾತ್ ಮತ್ತು ಸಾರ್ವಜನಿಕ ಬಳಕೆಯ ಜಾಗಗಳಲ್ಲಿ ಪ್ರತಿಮೆ ಇಡಲು ರಾಜ್ಯ ಸರ್ಕಾರಗಳು ಅನುಮತಿ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ಆದೇಶ ಮಾಡಿದೆ ಅಂತ ಅವರಿಗೆ ತಿಳಿಸಿ. ಪಾರ್ಕು ಪಾರ್ಕಾಗಿಯೇ ಉಳಿಯಬೇಕು ಅಂತ ನಮ್ಮ ರಾಜ್ಯದಲ್ಲೇ 1985ರ ಕಾಯ್ದೆ ಇದೆ. ಕಟ್ಟೆ, ಆಸನದಂಥ ಕೆಲಸಕ್ಕೂ ಪಾಲಿಕೆಯ ಒಪ್ಪಿಗೆ ಕಾಗದದ ಮೇಲೆಯೇ ಇರಲಿ.

ಕೊನೆಗೆ ಆರೈಕೆ. ಒಂದು ಊರಲ್ಲಿ ನಾನು ಕೆತ್ತಿದ ಕಲ್ಲಿಗೆ ಯಾರೋ ದೊಡ್ಡವರು ಬರುತ್ತಾರೆ ಅಂತ ರಾತ್ರೋರಾತ್ರಿ ಬೆಳ್ಳಿ ಬಣ್ಣ ಬಳಿದರು. ಗ್ರಾನೈಟಿನ ಸಣ್ಣ ರಂಧ್ರಗಳಿಗೆ ಇಳಿದ ಎನಾಮೆಲ್ ಪೂರ್ತಿ ಬರುವುದೇ ಇಲ್ಲ. ಬಳಿದವರ ಮೇಲೆ ನನಗೆ ಸಿಟ್ಟಿಲ್ಲ, ಅವರು ಗೌರವದಿಂದಲೇ ಮಾಡಿದ್ದು. ಹೇಗೆ ನೋಡಿಕೊಳ್ಳಬೇಕು ಅಂತ ಬರೆದ ಒಂದು ಹಾಳೆ ಆ ಕಚೇರಿಯಲ್ಲಿ ಇರಲಿಲ್ಲ ಅಷ್ಟೇ. ಆದ್ದರಿಂದ ಕರಾರಿನಲ್ಲಿ ಬರೆಸಿ: ತೊಳೆಯುವುದು ಹೇಗೆ, ಏನು ಬಳಿಯಬಾರದು, ಮುರಿದರೆ ಯಾರನ್ನು ಕರೆಯಬೇಕು, ಜಾಗ ಬದಲಿಸಬೇಕಾದರೆ ಯಾರನ್ನು ಕೇಳಬೇಕು. ಬಂದ ಹಣದಲ್ಲಿ ಹತ್ತರಲ್ಲಿ ಒಂದು ಪಾಲು ಇದಕ್ಕೇ ತೆಗೆದಿಡಿ. ಕಾನೂನೂ ಇಲ್ಲಿ ಕಲಾವಿದರ ಕಡೆ ಇದೆ. ದೆಹಲಿಯ ವಿಜ್ಞಾನ ಭವನದ ಗೋಡೆಯಲ್ಲಿದ್ದ ಅಮರನಾಥ ಸೆಹಗಲ್ ಅವರ ದೊಡ್ಡ ಕಂಚಿನ ಕೃತಿಯನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಿದ್ದರು. ಅವರು ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಂ, ಅಂದರೆ ಕೃತಿ ಮಾರಿದ ಮೇಲೂ ಅದನ್ನು ಹಾಳುಮಾಡುವುದನ್ನು ಪ್ರಶ್ನಿಸುವ ಕಲಾವಿದರ ಹಕ್ಕು, ಹಿಡಿದು ಹೋರಾಡಿದರು. 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ತುಂಡುಗಳನ್ನು ಅವರಿಗೆ ವಾಪಸ್ ಕೊಡಿಸಿ, ಐದು ಲಕ್ಷ ರೂಪಾಯಿ ಪರಿಹಾರವನ್ನೂ ಕೊಡಿಸಿತು.

ಫಲಕದ ವಿಷಯ ಒಂದು ಉಳಿಯಿತು. ನಮ್ಮ ಉದ್ಘಾಟನೆಯ ಕಲ್ಲಿನಲ್ಲಿ ಮಂತ್ರಿ, ಶಾಸಕರು, ಎಂಜಿನಿಯರ್ ಎಲ್ಲರ ಹೆಸರೂ ಇರುತ್ತೆ, ಕೆತ್ತಿದವರ ಹೆಸರು ಮಾತ್ರ ಇರುವುದಿಲ್ಲ. ನಿಮ್ಮಲ್ಲಿ ಕಟ್ಟೆಯ ಬದಿಗೇ ಕೆತ್ತಿಸಿ: ಶಿಲ್ಪಿಗಳ ಹೆಸರು, ಅವರ ಊರು, ಕಲ್ಲು ಬಂದ ಊರು, ವರ್ಷ. ಮಾದರಿ ಕರೆಯುವ ಪತ್ರ ಬರೆಯುವಾಗ ಸಹಾಯ ಬೇಕಿದ್ದರೆ ಇಲ್ಲೇ ಕೇಳಿ, ಬರೆದು ಕೊಡುತ್ತೇನೆ.