ಮೈಸೂರು ಪಾಕ್ ರುಚಿಯ ವೇಪ್ ಮಾಡಬಹುದಾ?

ಓದುಗರ ಪತ್ರ: ಸಂಪಾದಕರಿಗೆ ನಮಸ್ಕಾರ. ನಾನು ಮೈಸೂರಿನವನು, ಈಗ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಕೆಲಸ. ತುಂಬಾ ವರ್ಷ ಸೇದುತ್ತಿದ್ದ ಸಿಗರೇಟ್ ಬಿಟ್ಟು ವೇಪ್‌ಗೆ (ದ್ರವ ಕಾಯಿಸಿ ಅದರ ಆವಿ ಎಳೆಯುವ ಇ-ಸಿಗರೇಟ್) ಬಂದಿದ್ದೇನೆ. ಈ ಅಕ್ಟೋಬರ್‌ನಿಂದ ಇಲ್ಲಿ ವೇಪ್ ಲಿಕ್ವಿಡ್ ಮೇಲೆ ಹೊಸ ತೆರಿಗೆ, ಹಾಗಾಗಿ ಮನೆಯಲ್ಲೇ ಬೆರೆಸಿಕೊಳ್ಳೋಣ ಅಂದುಕೊಂಡಿದ್ದೇನೆ. ಅಂಗಡಿಯ ಸ್ಟ್ರಾಬೆರಿ, ಮಾವು ಸಾಕಾಗಿದೆ. ಅಮ್ಮ ಊರಿಂದ ಕಳಿಸುವ ಏಲಕ್ಕಿ ಎಸೆನ್ಸ್, ತುಪ್ಪದ ಫ್ಲೇವರ್ ಹಾಕಿ ಮೈಸೂರು ಪಾಕ್ ರುಚಿ, ಫಿಲ್ಟರ್ ಕಾಫಿ ರುಚಿ ಮಾಡಬಹುದಾ? ತಿನ್ನುವ ಪದಾರ್ಥವೇ ತಾನೆ? ದಸರೆಗೆ ಊರಿಗೆ ಬರುವಾಗ ಭಾವಮೈದುನನಿಗೆ ಒಂದು ವೇಪ್, ನಿಕೋಟಿನ್ ಇಲ್ಲದ ಒಂದು ಬಾಟಲಿ ತರಬೇಕೆಂದಿದ್ದೇನೆ. ಅವನು ಸೇದುವವನಲ್ಲ, ಸುಮ್ನೆ ರುಚಿಗೆ. ಮನೆಯಲ್ಲಿ ಎರಡು ವರ್ಷದ ಮಗಳಿದ್ದಾಳೆ, ಅವಳ ಮುಂದೆ ನಾನು ಎಳೆಯುವುದಿಲ್ಲ. (ಹೆಸರು ಬೇಡ ಎಂದಿದ್ದಾರೆ.)

ನಮಸ್ಕಾರ. ಸಿಗರೇಟ್ ಬಿಟ್ಟಿದ್ದೀರಿ, ಅದು ದೊಡ್ಡ ಕೆಲಸ. ಇದನ್ನು ಮೊದಲು ಹೇಳುತ್ತೇನೆ, ಯಾಕೆಂದರೆ ಮುಂದೆ ಬರುವುದರಲ್ಲಿ ಬೇಡ ಅನ್ನುವ ಮಾತೇ ಜಾಸ್ತಿ. ವೇಪ್‌ನಿಂದ ಅಪಾಯ ಇಲ್ಲ ಅಂತ ಯಾವ ಡಾಕ್ಟರೂ ಹೇಳುವುದಿಲ್ಲ, ಆದರೆ ಸಿಗರೇಟಿಗಿಂತ ಅಪಾಯ ಕಡಿಮೆ ಅಂತ ನಿಮ್ಮ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ಸೇ ಹೇಳುತ್ತದೆ. ಆದ್ದರಿಂದ ಇದನ್ನು ಓದಿ ಬೇಜಾರಾಗಿ ಮತ್ತೆ ಸಿಗರೇಟ್ ಪ್ಯಾಕಿಗೆ ಕೈ ಹಾಕಬೇಡಿ.

ಈಗ "ತಿನ್ನುವ ಪದಾರ್ಥವೇ ತಾನೆ" ಅನ್ನುವ ನಿಮ್ಮ ಪ್ರಶ್ನೆ. ನಿಮ್ಮ ಪತ್ರದಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಇದೇ. ತಿಂದದ್ದು ಹೊಟ್ಟೆಗೆ ಹೋಗುತ್ತದೆ, ಅಲ್ಲಿ ಆಮ್ಲ ಇದೆ, ಕರುಳು ಇದೆ, ಆಮೇಲೆ ಲಿವರ್ ಇದೆ, ಎಲ್ಲ ಸೇರಿ ಅದನ್ನು ಒಡೆದು ಸೋಸಿ ಬೇಡದ್ದನ್ನು ಹೊರಗೆ ಹಾಕುತ್ತವೆ. ಶ್ವಾಸಕೋಶಕ್ಕೆ ಹೋದದ್ದಕ್ಕೆ ಈ ದಾರಿಯೇ ಇಲ್ಲ. ಅಲ್ಲಿರುವುದು ಪುಟ್ಟ ಪುಟ್ಟ ಗಾಳಿ ಚೀಲಗಳು, ಅವುಗಳ ಗೋಡೆ ಎಷ್ಟು ತೆಳು ಅಂದರೆ ಉಸಿರು ನೇರವಾಗಿ ರಕ್ತಕ್ಕೆ ದಾಟುತ್ತದೆ. ಅದಕ್ಕೆ ಎಣ್ಣೆ, ಸಕ್ಕರೆ, ಬಣ್ಣ ಯಾವುದೂ ಒಗ್ಗುವುದಿಲ್ಲ. ಸಾಲದ್ದಕ್ಕೆ ವೇಪ್‌ನೊಳಗಿನ ಕಾಯಿಲ್, ಅಂದರೆ ಬಿಸಿಯಾಗುವ ತಂತಿ ಸುರುಳಿ, ಅದನ್ನೆಲ್ಲ ಕಾಯಿಸಿ ಕಳಿಸುತ್ತದೆ. ಬಾಟಲಿಯಲ್ಲಿ ಒಂದು ವಸ್ತು ಇದ್ದರೆ ನೀವು ಎಳೆದುಕೊಳ್ಳುವುದು ಇನ್ನೊಂದು ಆಗಿರಬಹುದು.

2019ರಲ್ಲಿ ಅಮೆರಿಕದಲ್ಲಿ ಆದದ್ದು ನಿಮಗೆ ನೆನಪಿರಬಹುದು. ಆರೋಗ್ಯವಾಗಿದ್ದ ಹುಡುಗ ಹುಡುಗಿಯರು ಉಸಿರಾಡಲಾಗದೆ ಆಸ್ಪತ್ರೆ ಸೇರತೊಡಗಿದರು. 2020ರ ಫೆಬ್ರವರಿ ಹೊತ್ತಿಗೆ ಅಲ್ಲಿನ ಸರ್ಕಾರದ ಲೆಕ್ಕದಲ್ಲಿ 2,807 ಪ್ರಕರಣ, 68 ಸಾವು. ಹೆಚ್ಚಿನವರು ಎಳೆದದ್ದು ಗಾಂಜಾದ ಅಂಶ ಇರುವ, ಅಂಗಡಿಯಲ್ಲದ ಕಡೆ ಕೊಂಡ ವೇಪ್. ಅವರ ಶ್ವಾಸಕೋಶದ ನೀರಿನಲ್ಲಿ ಸಿಕ್ಕಿದ್ದು ವಿಟಮಿನ್ ಇ ಅಸಿಟೇಟ್. ಯಾವುದು ಅದು? ಮುಖಕ್ಕೆ ಹಚ್ಚುವ ಕ್ರೀಮಿನಲ್ಲಿ ಇರುತ್ತದೆ, ಕ್ಯಾಪ್ಸೂಲ್ ಮಾಡಿ ಜನ ನುಂಗುತ್ತಾರೆ. ಚರ್ಮಕ್ಕೆ ತೊಂದರೆ ಇಲ್ಲ, ಹೊಟ್ಟೆಗೂ ತೊಂದರೆ ಇಲ್ಲ. ಎಣ್ಣೆಯಂಥ ಆ ವಸ್ತುವನ್ನು ಮಂದ ಬರಲಿ ಅಂತ ಯಾರೋ ಬೆರೆಸಿದರು. ನಿಮ್ಮ ಏಲಕ್ಕಿ ವಿಷಯಕ್ಕೆ ಬಂದರೆ, ಏಲಕ್ಕಿಯ ಘಮ ಇರುವುದು ಅದರ ಎಣ್ಣೆಯಲ್ಲಿ. ಅಡುಗೆಯ ಎಸೆನ್ಸ್ ಬಾಟಲಿ ತಿರುಗಿಸಿ ಓದಿ. ಕೆಲವದರಲ್ಲಿ ಎಣ್ಣೆ, ಕೆಲವದರಲ್ಲಿ ಸಕ್ಕರೆ ಪಾಕ, ಬಣ್ಣ. ಸಕ್ಕರೆ ಕಾಯಿಲ್ ಮೇಲೆ ಸೀದು ಕರಿ ಕಟ್ಟುತ್ತದೆ, ಆ ಸೀದ ಹೊಗೆಯಲ್ಲಿ ಹೊಸ ವಿಷಗಳು ಹುಟ್ಟುತ್ತವೆ. ಇನ್ನು ಕೆಲವು ಎಸೆನ್ಸ್‌ಗಳ ಲೇಬಲ್ ಮೇಲೆ ಪ್ರೊಪಿಲೀನ್ ಗ್ಲೈಕಾಲ್ ಅಂತಲೇ ಇರುತ್ತದೆ, ವೇಪ್ ಲಿಕ್ವಿಡ್‌ನಲ್ಲೂ ಅದೇ ಇರುವುದರಿಂದ "ಓ, ಇದು ಸರಿಹೋಗುತ್ತೆ" ಅನ್ನಿಸಿಬಿಡುತ್ತದೆ. ಅಲ್ಲೇ ಜನ ಮೋಸ ಹೋಗುವುದು. ಬೇಸ್, ಅಂದರೆ ರುಚಿಯನ್ನು ಕರಗಿಸುವ ದ್ರವ, ಸರಿ ಇರಬಹುದು, ಅದರಲ್ಲಿ ಕರಗಿಸಿದ ರುಚಿಯನ್ನು ಪರೀಕ್ಷೆ ಮಾಡಿರುವುದು ತಿನ್ನುವುದಕ್ಕೆ, ಉಸಿರಾಡುವುದಕ್ಕಲ್ಲ. ಅಮೆರಿಕದ ಫ್ಲೇವರ್ ತಯಾರಕರ ಸಂಘವೇ ಈ ಮಾತನ್ನು ಹೇಳಿದೆ: ನಾವು ಸುರಕ್ಷಿತ ಅನ್ನುವುದು ಆಹಾರದಲ್ಲಿ ಬಳಸಿದರೆ, ವೇಪ್‌ಗೆ ಅದು ಅನ್ವಯಿಸುವುದಿಲ್ಲ ಅಂತ.

ತುಪ್ಪದ ಫ್ಲೇವರ್ ಅಂತೂ ಮುಟ್ಟಲೇಬೇಡಿ. ಬೆಣ್ಣೆಗೆ ಬೆಣ್ಣೆಯ ಘಮ ಕೊಡುವ ಮುಖ್ಯ ವಸ್ತುವಿನ ಹೆಸರು ಡಯಾಸಿಟೈಲ್. ಬೆಣ್ಣೆ, ತುಪ್ಪ, ಕ್ಯಾರಮೆಲ್, ಕಸ್ಟರ್ಡ್ ರುಚಿ ಕೃತಕವಾಗಿ ತರಬೇಕಾದರೆ ತಯಾರಕರು ಹಿಂದಿನಿಂದ ಬಳಸಿದ್ದು ಅದನ್ನೇ, ಅಥವಾ ಅದರ ಹತ್ತಿರದ ನೆಂಟ ಅಸಿಟೈಲ್ ಪ್ರೊಪಿಯೋನಿಲ್ ಅನ್ನು. ಅಮೆರಿಕದ ಮಿಸೌರಿ ರಾಜ್ಯದ ಜಾಸ್ಪರ್ ಅನ್ನುವ ಊರಿನಲ್ಲಿ ಮೈಕ್ರೋವೇವ್ ಪಾಪ್‌ಕಾರ್ನ್ ಮಾಡುವ ಕಾರ್ಖಾನೆ ಇತ್ತು. ಬೆಣ್ಣೆ ಫ್ಲೇವರ್ ಬೆರೆಸುವ ದೊಡ್ಡ ತೊಟ್ಟಿಯ ಪಕ್ಕ ನಿಂತು ಕೆಲಸ ಮಾಡಿದವರಿಗೆ ಕೆಮ್ಮು, ಏದುಸಿರು. 2000ದಲ್ಲಿ ಅಲ್ಲಿ ಹಿಂದೆ ಕೆಲಸ ಮಾಡಿದ್ದ ಎಂಟು ಜನರ ವಿಷಯ ಆರೋಗ್ಯ ಇಲಾಖೆಗೆ ಹೋಯಿತು. ಶ್ವಾಸಕೋಶದ ಸಣ್ಣ ಕೊಳವೆಗಳಲ್ಲಿ ಗಾಯ ಆಗಿ, ಗಾಯ ಮಾಯುವಾಗ ಕೊಳವೆಯೇ ಮುಚ್ಚಿಕೊಳ್ಳುವ ರೋಗ ಅದು. ಒಮ್ಮೆ ಮುಚ್ಚಿದ್ದು ಮತ್ತೆ ತೆರೆಯುವುದಿಲ್ಲ. ಇವರೆಲ್ಲ ಅದೇ ಬೆಣ್ಣೆ ರುಚಿಯ ಪಾಪ್‌ಕಾರ್ನ್ ತಿಂದಿದ್ದರೆ ಏನೂ ಆಗುತ್ತಿರಲಿಲ್ಲ, ನೋಡಿ. ಆಮೇಲೆ ಟೆಕ್ಸಾಸ್‌ನಲ್ಲಿ ಕಾಫಿ ಹುರಿದು ಫ್ಲೇವರ್ ಹಾಕುವ ಘಟಕದ ಕೆಲಸಗಾರರಲ್ಲೂ ಇದೇ ರೋಗ ಕಾಣಿಸಿತು. ಅಂದರೆ ನೀವು ಕೇಳಿದ ಎರಡು ರುಚಿಗಳೂ, ತುಪ್ಪದ್ದೂ ಕಾಫಿಯದ್ದೂ, ಈ ಪಟ್ಟಿಯಲ್ಲೇ ಇವೆ. ನ್ಯಾಯವಾಗಿ ಇದನ್ನೂ ಹೇಳಬೇಕು: ಆ ಕೆಲಸಗಾರರು ದಿನವಿಡೀ ಉಸಿರಾಡಿದ ಪ್ರಮಾಣ ಬಹಳ ದೊಡ್ಡದು, ಸಿಗರೇಟ್ ಹೊಗೆಯಲ್ಲೂ ಡಯಾಸಿಟೈಲ್ ಇದೆ. ಆದರೂ ಬ್ರಿಟನ್‌ನಲ್ಲಿ 2016ರಿಂದ ವೇಪ್ ಲಿಕ್ವಿಡ್‌ಗೆ ಇದನ್ನು ಹಾಕುವಂತಿಲ್ಲ. ಅಂಗಡಿಯ ಬಾಟಲಿಗೆ ಕಾನೂನು ಬೇಡ ಅಂದದ್ದನ್ನು ನೀವೇ ನಿಮ್ಮ ಬಾಟಲಿಗೆ ಸುರಿದುಕೊಳ್ಳುವುದು ಯಾಕೆ?

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. 2026ರ ಅಕ್ಟೋಬರ್ 1ರಿಂದ ನಿಮ್ಮಲ್ಲಿ ಪ್ರತಿ 10 ಮಿ.ಲೀ. ಲಿಕ್ವಿಡ್‌ಗೆ 2.20 ಪೌಂಡ್ ಸುಂಕ, ಅದರ ಮೇಲೆ ವ್ಯಾಟ್. ನಿಕೋಟಿನ್ ಇಲ್ಲದ್ದಕ್ಕೂ ಅಷ್ಟೇ. ಹಾಗಾಗಿ 50 ಮಿ.ಲೀ. ಶಾರ್ಟ್‌ಫಿಲ್ (ನಿಕೋಟಿನ್ ಇಲ್ಲದ, ಮೇಲೆ ಸ್ವಲ್ಪ ಜಾಗ ಬಿಟ್ಟು ತುಂಬಿದ) ಬಾಟಲಿ ತಂದು ನಿಕ್ ಶಾಟ್ (ನಿಕೋಟಿನ್ ಇರುವ ಪುಟ್ಟ ಬಾಟಲಿ) ಸೇರಿಸಿದರೆ ದುಡ್ಡು ಉಳಿಯುತ್ತದೆ ಅನ್ನುವ ಹಳೆಯ ಲೆಕ್ಕ ಇನ್ನು ನಡೆಯುವುದಿಲ್ಲ, ಆ ಬಾಟಲಿಯ ಮೇಲೇ 11 ಪೌಂಡ್ ಸುಂಕ ಬಿತ್ತು. ಉಳಿತಾಯ ಅಂತ ಹುಡುಕುತ್ತಾ ಹೋದರೆ ಕೊನೆಗೆ ಕಾಣುವುದು ಎಲ್ಲಿಂದಲೋ ಅಗ್ಗಕ್ಕೆ ಬರುವ, ಬೇಸ್‌ಗೆ ಬಳಸುವ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ಡಬ್ಬಿಗಳು. ಅದಕ್ಕೆ ಹೋಗಬೇಡಿ. 2022ರಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿ ನಮ್ಮ ದೇಶದಿಂದ ಹೋದ ಕೆಮ್ಮಿನ ಸಿರಪ್ ಕುಡಿದು ಹತ್ತಾರು ಮಕ್ಕಳು ಕಿಡ್ನಿ ಹೋಗಿ ಸತ್ತ ಸುದ್ದಿ ಓದಿರುತ್ತೀರಿ. ಸಿರಪ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್, ಎಥಿಲೀನ್ ಗ್ಲೈಕಾಲ್ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿತ್ತು. ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ಔಷಧಿ ದರ್ಜೆಯದ್ದಲ್ಲದಿದ್ದರೆ ಅದರೊಳಗೆ ಸೇರಿಬರುವ ವಿಷಗಳು ಇವೇ. ಕಣ್ಣಿಗೂ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ.

ನಿಕೋಟಿನ್ ಬಗ್ಗೆ ನೀವು ಪತ್ರದಲ್ಲಿ ಏನೂ ಬರೆದಿಲ್ಲ. ಮನೆಯಲ್ಲಿ ಬೆರೆಸುವವರು ಭಯಪಡಬೇಕಾದದ್ದು ಮೊದಲು ಅದಕ್ಕೆ. ಹುಣಸೂರು, ಪಿರಿಯಾಪಟ್ಟಣದ ಕಡೆ ನಿಮಗೆ ನೆಂಟರಿದ್ದರೆ ಹೊಗೆಸೊಪ್ಪು ಮುರಿಯುವ ದಿನಗಳ ಬಗ್ಗೆ ಕೇಳಿ ನೋಡಿ. ಬೆಳಗ್ಗೆ ಇಬ್ಬನಿ ಇರುವಾಗಲೋ ಮಳೆ ನಿಂತ ಕೂಡಲೋ ಹೊಲಕ್ಕೆ ಇಳಿದರೆ ಒದ್ದೆ ಎಲೆ ಕಂಕುಳಲ್ಲಿ ಅವುಚಿಕೊಂಡು ಸಾಲು ಸಾಲು ನಡೆಯಬೇಕು, ಅಂಗಿ ಒದ್ದೆ, ಕೈಗೆ ಕಪ್ಪು ಅಂಟು. ಒಂದು ಬೀಡಿಯನ್ನೂ ಸೇದದ ಹೆಣ್ಣುಮಕ್ಕಳಿಗೆ ಕೂಡ ತಲೆ ಸುತ್ತು, ವಾಂತಿ ಬರುತ್ತದೆ. ಎಲೆಯ ನಿಕೋಟಿನ್ ನೀರಿನಲ್ಲಿ ಕರಗಿ ಚರ್ಮದ ಮೂಲಕವೇ ಒಳಗೆ ಹೋಗುವುದರಿಂದ ಹೀಗೆ. ಬರೀ ಹಸಿ ಎಲೆಯಿಂದ ಇಷ್ಟಾದರೆ ಬಾಟಲಿಯಲ್ಲಿ ತುಂಬಿಟ್ಟ ನಿಕೋಟಿನ್ ಕೈ ಮೇಲೆ ಚೆಲ್ಲಿದರೆ ಏನಾಗಬಹುದು? ಬ್ರಿಟನ್ ಕಾನೂನಿನಲ್ಲಿ ಒಂದು ಮಿ.ಲೀ.ಗೆ 20 ಮಿ.ಗ್ರಾಂ.ಗಿಂತ ಜಾಸ್ತಿ ನಿಕೋಟಿನ್ ಮಾರುವಂತಿಲ್ಲ, ಅದೂ 10 ಮಿ.ಲೀ.ಗಿಂತ ದೊಡ್ಡ ಬಾಟಲಿಯಲ್ಲಿ ಮಾರುವಂತಿಲ್ಲ. ಅಮೆರಿಕದಲ್ಲಿ ಮನೆಯಲ್ಲಿ ಬೆರೆಸುವವರು ಮಿ.ಲೀ.ಗೆ 100 ಮಿ.ಗ್ರಾಂ. ಇರುವುದನ್ನೂ ತರಿಸುತ್ತಾರೆ. "ಅದನ್ನೇ ತರಿಸು, ಚೀಪಾಗುತ್ತೆ" ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಒಂದು ಸಿಗರೇಟಿನಿಂದ ಮೈಗೆ ಸೇರುವ ನಿಕೋಟಿನ್ ಸುಮಾರು 1ರಿಂದ 1.5 ಮಿ.ಗ್ರಾಂ. ಹಾಗಾದರೆ ಆ ಬಾಟಲಿಯ ಒಂದೇ ಮಿ.ಲೀ.ನಲ್ಲಿ ಎಷ್ಟಿದೆ ನೀವೇ ಲೆಕ್ಕ ಹಾಕಿ.

ಮಗಳ ಮುಂದೆ ಎಳೆಯುವುದಿಲ್ಲ ಅಂದಿರಿ, ಒಳ್ಳೆಯದು. ಆದರೆ ಬೆರೆಸುವುದು ಎಲ್ಲಿ? ಅಡುಗೆಮನೆಯ ಕಟ್ಟೆ ಮೇಲೆ ತಾನೆ? ಇಡುವುದು ಫ್ರಿಜ್ಜಿನಲ್ಲಿ ತಾನೆ? 2014ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಒಂದು ವರ್ಷದ ಮಗುವೊಂದು ದ್ರವ ನಿಕೋಟಿನ್ ಬಾಯಿಗೆ ಹೋಗಿ ತೀರಿಕೊಂಡಿತು. ಇಂಥ ಬಾಟಲಿಗಳಿಗೆ ಮಕ್ಕಳು ತೆಗೆಯಲಾಗದ ಮುಚ್ಚಳ ಇರಲೇಬೇಕು ಅಂತ ಅಮೆರಿಕದಲ್ಲಿ ದೇಶಕ್ಕೆಲ್ಲ ಕಾನೂನು ಬಂದದ್ದು ಅದರ ನಂತರ. ನೀವು ಮನೆಯಲ್ಲಿ ಬೆರೆಸಿ ತುಂಬುವ ಖಾಲಿ ಬಾಟಲಿಗೆ ಅಂಥ ಮುಚ್ಚಳ ಇರುತ್ತದಾ? ಅದರ ಮೇಲೆ ಚೀಟಿ ಅಂಟಿಸುತ್ತೀರಾ? ಸಣ್ಣ ಮೂತಿಯ ಈ ಬಾಟಲಿಗಳು ಕಣ್ಣಿಗೆ ಹಾಕುವ ಡ್ರಾಪ್ಸ್ ತರಹವೇ ಇರುತ್ತವೆ, ಊರಿಂದ ಅಮ್ಮ ಬಂದಾಗ ಕನ್ನಡಕ ಇಲ್ಲದೆ ತೆಗೆದು ಹಾಕಿಕೊಂಡುಬಿಡಬಹುದು. ಏಲಕ್ಕಿ, ಮೈಸೂರು ಪಾಕ್ ಘಮ ಬರುವ ದ್ರವವನ್ನು ಎರಡು ವರ್ಷದ ಮಗು ಬಾಯಿಗೆ ಇಡದೆ ಇನ್ನೇನು ಮಾಡೀತು? ಅಕಸ್ಮಾತ್ ಒಂದು ಗುಟುಕು ಹೋಯಿತು ಅನ್ನಿಸಿದರೂ ವಾಂತಿ ಮಾಡಿಸಲು ಹೋಗಿ ಹೊತ್ತು ಕಳೆಯದೆ ತಕ್ಷಣ ಅಲ್ಲಿನ ತುರ್ತು ನಂಬರ್ 999ಕ್ಕೆ ಫೋನ್ ಮಾಡಿ.

ಇಷ್ಟಾದ ಮೇಲೂ ಬೆರೆಸಲೇಬೇಕು ಅಂತಿದ್ದರೆ, ನಾನು ಒಪ್ಪುವುದು ಒಂದೇ ದಾರಿ. ಅಲ್ಲಿನ ಅಂಗಡಿಯಲ್ಲಿ ವೇಪ್‌ಗೆಂದೇ ಮಾಡಿದ, ಡಯಾಸಿಟೈಲ್ ಇಲ್ಲ ಅಂತ ಬರೆದಿರುವ ಶಾರ್ಟ್‌ಫಿಲ್, ಮೊಹರು ಒಡೆಯದ ನಿಕ್ ಶಾಟ್. ಮಿ.ಲೀ.ಗೆ 18 ಮಿ.ಗ್ರಾಂ. ಇರುವ 10 ಮಿ.ಲೀ. ಶಾಟ್ ಒಂದನ್ನು 50 ಮಿ.ಲೀ.ಗೆ ಸೇರಿಸಿದರೆ ಒಟ್ಟು 180 ಮಿ.ಗ್ರಾಂ. ನಿಕೋಟಿನ್ 60 ಮಿ.ಲೀ.ನಲ್ಲಿ ಹಂಚಿ ಮಿ.ಲೀ.ಗೆ 3 ಮಿ.ಗ್ರಾಂ. ಆಗುತ್ತದೆ. ಕೈಗೆ ಗ್ಲೌಸ್ ಹಾಕಿ, ಮಗು ಮಲಗಿದ ಮೇಲೆ ಮಾಡಿ, ಉಳಿದದ್ದನ್ನು ಬೀಗ ಇರುವ ಕಪಾಟಿನಲ್ಲಿ ಇಡಿ. ಇದರಲ್ಲಿ ನನಗೆ ನಿಜವಾಗಿ ಇಷ್ಟವಾಗುವ ಒಂದು ಉಪಯೋಗ ಇದೆ. ಶಾಟ್ ಅರ್ಧ ಹಾಕಿ, ಉಳಿದರ್ಧಕ್ಕೆ ನಿಕೋಟಿನ್ ಇಲ್ಲದ ಬೇಸ್ ಹಾಕಿದರೆ ಅದೇ ಬಾಟಲಿ 1.5 ಮಿ.ಗ್ರಾಂ.ಗೆ ಇಳಿಯುತ್ತದೆ. ಆಮೇಲೆ ಶಾಟ್ ಹಾಕದೆಯೇ ಇರಬಹುದು, ಆಮೇಲೆ ಬಾಟಲಿಯೂ ಬೇಡ. ಹೀಗೆ ಇಳಿಸುವಾಗ ಸಿಗರೇಟಿನ ಆಸೆ ಮತ್ತೆ ಹುಟ್ಟಿದರೆ ಅವಸರ ಮಾಡದೆ ಹಿಂದಿನ ಮಟ್ಟದಲ್ಲೇ ಸ್ವಲ್ಪ ದಿನ ನಿಲ್ಲಿ. ಎನ್‌ಎಚ್‌ಎಸ್‌ನ ಸ್ಟಾಪ್ ಸ್ಮೋಕಿಂಗ್ ಸೇವೆಗೆ ದುಡ್ಡು ಕೊಡಬೇಕಿಲ್ಲ, ಅವರ ಹತ್ತಿರ ಒಮ್ಮೆ ಮಾತಾಡಿ ನಂತರ ಶುರು ಮಾಡಿ.

ಕೊನೆಗೆ ಭಾವಮೈದುನ. ತರಬೇಡಿ. ಕರ್ನಾಟಕ 2016ರಲ್ಲೇ ಇ-ಸಿಗರೇಟ್ ಮಾರಾಟ ನಿಷೇಧಿಸಿತ್ತು, 2019ರಲ್ಲಿ ಇಡೀ ದೇಶಕ್ಕೆ ಕಾಯಿದೆ ಬಂತು. ತಯಾರಿಕೆ, ಆಮದು, ಸಾಗಾಟ, ಮಾರಾಟ, ಹಂಚಿಕೆ ಎಲ್ಲವೂ ಅಪರಾಧ, ಪೂರ್ತಿ ಸಾಧನ ಇರಲಿ ಅದರ ಒಂದು ಭಾಗವೇ ಇರಲಿ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಿಕೋಟಿನ್ ಇಲ್ಲ ಅಂದರೂ ಬಿಡುವುದಿಲ್ಲ, ಕಾಯಿದೆಯಲ್ಲಿ ನಿಕೋಟಿನ್ ಇದ್ದರೂ ಇಲ್ಲದಿದ್ದರೂ ಅಂತಲೇ ಬರೆದಿದೆ. ಕಾನೂನು ಒಂದು ಕಡೆ ಇರಲಿ. ನೀವು ವೇಪ್ ಹಿಡಿದದ್ದು ಸಿಗರೇಟ್ ಬಿಡುವುದಕ್ಕೆ, ಅವರಿಗೆ ಬಿಡುವಂಥದ್ದು ಏನೂ ಇಲ್ಲವಲ್ಲ. ಒಂದೂ ಸಿಗರೇಟ್ ಸೇದದ ಹುಡುಗನ ಕೈಗೆ ಅಕ್ಕನ ಗಂಡನೇ ಅದನ್ನು ಕೊಟ್ಟ ಅಂತ ಆಗುವುದು ಬೇಡ. ಚಾಕೊಲೇಟ್ ತನ್ನಿ, ಒಂದು ಒಳ್ಳೆ ಸ್ವೆಟರ್ ತನ್ನಿ, ದಸರೆ ಹೊತ್ತಿಗೆ ಮೈಸೂರಿನಲ್ಲಿ ಬೆಳಗ್ಗೆ ಚಳಿ ಶುರುವಾಗಿರುತ್ತದೆ.

ಸಂಪಾದಕ