ಆಸ್ಟಿನ್‌ನಲ್ಲಿ ಮನೆ ಮಾರಾಟವಾಗುತ್ತಿಲ್ಲ: ಕಾಯುವುದೋ, ಇಳಿಸುವುದೋ, ಬಾಡಿಗೆಗೆ ಕೊಡುವುದೋ?

ನಿಮ್ಮ ಪ್ರಶ್ನೆಯ ಸಾರ ಇಷ್ಟು. ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್ ನಗರದ ಉತ್ತರಕ್ಕೆ, ಬಿಲ್ಡರ್ ಇನ್ನೂ ಮನೆ ಕಟ್ಟಿ ಮಾರುತ್ತಿರುವ ಬಡಾವಣೆಯಲ್ಲಿ, 2022ರ ಬೇಸಿಗೆಯಲ್ಲಿ 5,20,000 ಡಾಲರಿಗೆ ಮನೆ ಕೊಂಡಿರಿ. ಶೇ 10 ಕೈಯಿಂದ ಹಾಕಿದಿರಿ, ಉಳಿದದ್ದಕ್ಕೆ ಶೇ 5.25ರ ಸಾಲ; ಈಗ ಬಾಕಿ 4,45,000. ಸಿಯಾಟಲ್‌ನಲ್ಲಿ ಹೊಸ ಕೆಲಸ ಸಿಕ್ಕಿದೆ, ಶ್ರೀಮತಿಯವರು ಸದ್ಯ ಭಾರತದಲ್ಲಿ, ಊರಿನಲ್ಲಿದ್ದಾರೆ. ಮನೆಯನ್ನು 5,19,000ಕ್ಕೆ ಮಾರಾಟಕ್ಕಿಟ್ಟು 55 ದಿನವಾಯಿತು. ಎಂಟು ಜನ ಬಂದು ನೋಡಿದರು, ಒಂದೂ ಆಫರ್ ಇಲ್ಲ. ಅದೇ ಬೀದಿಯ ಅಂಥದ್ದೇ ಮನೆ 4,70,000ಕ್ಕೆ ಹೋಯಿತೆಂದು ಏಜೆಂಟ್ ಹೇಳುತ್ತಿದ್ದಾರೆ. ಕಾಯಬೇಕೇ, ಇಳಿಸಬೇಕೇ, 2,400ಕ್ಕೆ ಬಾಡಿಗೆಗೆ ಕೊಟ್ಟು ಹೊರಡಬೇಕೇ?

ಇಳಿಸಿ. ಒಂದೇ ಸಲ, 4,74,900ಕ್ಕೆ. ಯಾಕೆಂದು ವಿವರವಾಗಿ ಹೇಳುತ್ತೇನೆ.

ಊರಿನಲ್ಲಿ ಸೈಟೋ ಮನೆಯೋ ಮಾರುವಾಗ ನಮಗೆ ರೂಢಿಯಾದ ಉಪಾಯವೆಂದರೆ ಬೆಲೆ ಹಿಡಿದು ಕೂರುವುದು. ಅಲ್ಲಿ ಅದು ನಡೆಯುತ್ತದೆ. ಮನೆ ಮಾರಾಟಕ್ಕಿದೆ ಎಂದು ಗೊತ್ತಿರುವುದು ನಾಲ್ಕು ಬ್ರೋಕರುಗಳಿಗೆ, ಎಷ್ಟು ದಿನದಿಂದ ಇದೆ ಎಂಬ ಲೆಕ್ಕ ಯಾರ ಬಳಿಯೂ ಇಲ್ಲ. ಇಲ್ಲಿ ಎಂಎಲ್‌ಎಸ್‌ಗೆ, ಅಂದರೆ ಏಜೆಂಟರೆಲ್ಲ ಹಂಚಿಕೊಳ್ಳುವ ಮಾರಾಟದ ಪಟ್ಟಿಗೆ, ಹಾಕಿದ ದಿನದಿಂದ ಎಣಿಕೆ ಶುರು, ಅದು ಎಲ್ಲರ ಫೋನಿನಲ್ಲೂ ಕಾಣುತ್ತದೆ. ಹೊಸ ಲಿಸ್ಟಿಂಗ್ ನೋಡಲು ಕಾದಿದ್ದವರೆಲ್ಲ ಮೊದಲ ಎರಡು ವಾರದಲ್ಲೇ ನೋಡಿ ಮುಗಿಸಿರುತ್ತಾರೆ. 55 ದಿನವಾದ ಮೇಲೆ ಬರುವವನು 'ಈ ಮನೆಗೆ ಏನೋ ಐಬಿದೆ' ಎಂದುಕೊಂಡೇ ಬರುತ್ತಾನೆ. ಲಿಸ್ಟಿಂಗ್ ತೆಗೆದು ಮತ್ತೆ ಹಾಕಿದರೆ ಎಣಿಕೆ ಸೊನ್ನೆಯಾಗುತ್ತದೆ ಎಂದು ಕೆಲವರು ಹೇಳಿಯಾರು. ಹಳೆಯ ಬೆಲೆಯ ಇತಿಹಾಸ ವೆಬ್‌ಸೈಟುಗಳಲ್ಲಿ ಉಳಿದೇ ಇರುತ್ತದೆ, ಯಾರೂ ಮೋಸಹೋಗುವುದಿಲ್ಲ.

ನೀವು ಕೊಟ್ಟ ಬೆಲೆ, ಹಿತ್ತಲಿಗೆ ಹಾಕಿಸಿದ ಕಲ್ಲುಹಾಸು, ಬಿಲ್ಡರ್‌ಗೆ ಕಟ್ಟಿದ ಲಾಟ್ ಪ್ರೀಮಿಯಂ (ಒಳ್ಳೆಯ ಜಾಗಕ್ಕೆಂದು ಕೊಟ್ಟ ಹೆಚ್ಚಿನ ಹಣ), ಇವು ಯಾವುವೂ ಈಗಿನ ಬೆಲೆಯನ್ನು ನಿರ್ಧರಿಸುವುದಿಲ್ಲ. ಆಸ್ಟಿನ್‌ನಲ್ಲಿ ಬೆಲೆ ತುತ್ತತುದಿಗೇರಿದ್ದೇ 2022ರ ವಸಂತ-ಬೇಸಿಗೆಯಲ್ಲಿ. ಆಗ ಕೊಂಡವರೆಲ್ಲರ ಸ್ಥಿತಿಯೂ ಹೆಚ್ಚುಕಡಿಮೆ ನಿಮ್ಮದೇ.

ಹಾಗಾದರೆ ಬೆಲೆ ಗೊತ್ತಾಗುವುದು ಹೇಗೆ? ಟೆಕ್ಸಸ್‌ನಲ್ಲಿ ಮಾರಾಟದ ಬೆಲೆಯನ್ನು ಸಾರ್ವಜನಿಕ ದಾಖಲೆಯಲ್ಲಿ ಬರೆಯಬೇಕೆಂಬ ನಿಯಮವಿಲ್ಲ. ಆದ್ದರಿಂದ ವೆಬ್‌ಸೈಟುಗಳು ತಾವಾಗಿ ತೋರಿಸುವ ಅಂದಾಜನ್ನು ಇಲ್ಲಿ ಇನ್ನೂ ಕಡಿಮೆ ನಂಬಬೇಕು. ಏಜೆಂಟ್ ಹತ್ತಿರ ಎಂಎಲ್‌ಎಸ್‌ನ ಪಟ್ಟಿ ಕೇಳಿ: ಕಳೆದ ಆರು ತಿಂಗಳಲ್ಲಿ ಒಂದು ಮೈಲಿಯೊಳಗೆ, ನಿಮ್ಮ ಮನೆಗಿಂತ ಚದರಡಿಯಲ್ಲಿ ಶೇ 15ಕ್ಕಿಂತ ಹೆಚ್ಚು ವ್ಯತ್ಯಾಸವಿಲ್ಲದ, ಮಾರಾಟವಾಗಿ ಮುಗಿದ ಮನೆಗಳು. ಜೊತೆಗೆ, ಸದ್ಯ ಮಾರಾಟಕ್ಕಿರುವವು ಎಷ್ಟು, ತಿಂಗಳಿಗೆ ಹೋಗುತ್ತಿರುವವು ಎಷ್ಟು ಎಂದು ಕೇಳಿ. 24 ಮನೆ ಮಾರಾಟಕ್ಕಿದ್ದು ತಿಂಗಳಿಗೆ ನಾಲ್ಕು ಹೋಗುತ್ತಿದ್ದರೆ ಆರು ತಿಂಗಳ ದಾಸ್ತಾನು. ಅಂದರೆ ಈ ತಿಂಗಳು ನಿಮ್ಮ ಮನೆ ಹೋಗಬೇಕಾದರೆ ಅದು ಆ 24ರಲ್ಲಿ ಕೊಳ್ಳುವವನ ಕಣ್ಣಿಗೆ ಮೊದಲ ನಾಲ್ಕರೊಳಗೆ ನಿಲ್ಲಬೇಕು. ಐದನೆಯದಾದರೆ ಸಾಲದು.

ನಿಮ್ಮ ನಿಜವಾದ ಪೈಪೋಟಿ ಪಕ್ಕದ ಮನೆಯವರಲ್ಲ, ಬಿಲ್ಡರ್. ಅವನು ಹಲಗೆಯ ಮೇಲಿನ ಬೆಲೆಯನ್ನು ಸಾಮಾನ್ಯವಾಗಿ ಇಳಿಸುವುದಿಲ್ಲ. ಬಡ್ಡಿ ಇಳಿಸಿಕೊಡುತ್ತಾನೆ, ಕ್ಲೋಸಿಂಗ್ (ಸಹಿ, ಹಣ ಮುಗಿಸಿ ಮನೆ ಕೈಬದಲಾಗುವುದು) ಖರ್ಚು ಹಾಕಿಕೊಳ್ಳುತ್ತಾನೆ, ಫ್ರಿಜ್ಜು-ವಾಷರ್ ಇಟ್ಟುಕೊಡುತ್ತಾನೆ. ಅವನ ಮಾಡೆಲ್ ಮನೆಗೆ ಹೋಗಿ ಈ ತಿಂಗಳ ಕೊಡುಗೆ ಏನೆಂದು ನೇರವಾಗಿ ಕೇಳಿ. ಹೊಸ ಮನೆಯ ಬೆಲೆಯಿಂದ ಆ ಕೊಡುಗೆಯನ್ನು ಕಳೆದು ನೋಡಿ, ನಿಮ್ಮ ಬೆಲೆ ಅದಕ್ಕಿಂತ ಎದ್ದು ಕಾಣುವಷ್ಟು ಕೆಳಗಿರಬೇಕು.

4,74,900 ಎಂದದ್ದಕ್ಕೆ ಕಾರಣವಿದೆ. ಜನ ಹುಡುಕುವಾಗ ಗರಿಷ್ಠ ಬೆಲೆಯನ್ನು ಸಾಮಾನ್ಯವಾಗಿ 25 ಸಾವಿರದ ಮೆಟ್ಟಿಲುಗಳಲ್ಲಿ ಹಾಕುತ್ತಾರೆ. 4,75,000ದ ಮಿತಿ ಹಾಕಿದವರಿಗೆ 4,79,000ದ ಮನೆ ಕಾಣುವುದೇ ಇಲ್ಲ. ಐದೈದು ಸಾವಿರದಂತೆ ಇಳಿಸುತ್ತ ಬಂದರೆ ಬಹುತೇಕ ಸಲ ಯಾವ ಮೆಟ್ಟಿಲನ್ನೂ ದಾಟುವುದಿಲ್ಲ, ನೋಡುವವರು 'ಇನ್ನೂ ಇಳಿಯುತ್ತದೆ, ಕಾಯೋಣ' ಎನ್ನುತ್ತಾರೆ.

ಈಗ ಕಾಯುವುದರ ಖರ್ಚು. ಸಾಲದ ಕಂತಿನಲ್ಲಿ ಅಸಲನ್ನು ಬಿಡಿ, ಅದು ನಿಮ್ಮದೇ ದುಡ್ಡು. ಬಡ್ಡಿ ತಿಂಗಳಿಗೆ ಸುಮಾರು 1,950, ಆಸ್ತಿ ತೆರಿಗೆ ಶೇ 2.2ರಂತೆ 860, ವಿಮೆ 220, ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘದ ಶುಲ್ಕ) 60, ಕರೆಂಟು-ನೀರು-ಹುಲ್ಲು ಕತ್ತರಿಸುವುದಕ್ಕೆ 250 ಎಂದು ಹಿಡಿಯಿರಿ. ಒಟ್ಟು 3,340, ದಿನಕ್ಕೆ 110 ಡಾಲರ್. ಮೂರು ತಿಂಗಳು ಕಾದು ಬೆಲೆ ಹತ್ತು ಸಾವಿರ ಹೆಚ್ಚಿಗೆ ಸಿಕ್ಕರೂ ಲಾಭ ಸೊನ್ನೆ.

4,70,000ಕ್ಕೆ ಹೋದರೆ ಕೈಗೆ ಏನು ಬರುತ್ತದೆ ನೋಡೋಣ. ಎರಡೂ ಕಡೆಯ ಏಜೆಂಟರಿಗೆ ಒಟ್ಟು ಶೇ 5 ಎಂದರೆ 23,500. ಟೈಟಲ್ ಪಾಲಿಸಿ (ಆಸ್ತಿಯ ಹಕ್ಕಿನ ವಿಮೆ), ಎಸ್ಕ್ರೊ ಶುಲ್ಕ (ನಡುವೆ ನಿಂತು ಹಣ, ಕಾಗದ ನೋಡಿಕೊಳ್ಳುವ ಟೈಟಲ್ ಕಂಪನಿಗೆ), ಎಚ್‌ಒಎ ಪತ್ರ ಎಲ್ಲ ಸೇರಿ 4,500. ಕೊಳ್ಳುವವನಿಗೆ ರಿಯಾಯಿತಿ 9,000. ಉಳಿಯುವುದು 4,33,000. ಸಾಲ ತೀರಿಸಲು ನೀವೇ 12,000 ತರಬೇಕು. ಇದಲ್ಲದೆ ಜನವರಿಯಿಂದ ಕ್ಲೋಸಿಂಗ್ ದಿನದವರೆಗಿನ ಆಸ್ತಿ ತೆರಿಗೆಯನ್ನು ಅವತ್ತೇ ನಿಮ್ಮಿಂದ ಹಿಡಿಯುತ್ತಾರೆ. ಅದಕ್ಕೆಂದು ಬ್ಯಾಂಕಿನ ಎಸ್ಕ್ರೊ ಖಾತೆಯಲ್ಲಿ ಕೂಡಿದ ಹಣ ಸಾಲ ತೀರಿದ 20 ಕೆಲಸದ ದಿನಗಳೊಳಗೆ ವಾಪಸ್ ಬರಬೇಕು, ಆದರೆ ಕ್ಲೋಸಿಂಗ್ ದಿನ ಆ ಮೊತ್ತವೂ ಕೈಯಲ್ಲಿರಬೇಕು. ಹೊಸ ಕಂಪನಿ ರಿಲೊಕೇಶನ್ (ಊರು ಬದಲಿಸುವ ಖರ್ಚು) ಕೊಡುತ್ತದೆಯೇ ಎಂದು ಈಗಲೇ ಕೇಳಿ. ಮನೆ ಮಾರುವ ಖರ್ಚನ್ನು ಕೆಲವು ಕಂಪನಿಗಳು ಹೊರುತ್ತವೆ. ಆದರೆ ಅವರಿಗೆ ತಿಳಿಸದೆ ಆಫರ್‌ಗೆ ಸಹಿ ಹಾಕಿದರೆ ಆ ಸೌಲಭ್ಯವೇ ತಪ್ಪಿಹೋಗಬಹುದು.

ಏಜೆಂಟ್ ಶುಲ್ಕದಲ್ಲಿ ಒಂದು ಬದಲಾವಣೆಯಿದೆ. 2024ರ ಆಗಸ್ಟ್ 17ರಿಂದ, ಕೊಳ್ಳುವವರ ಏಜೆಂಟಿಗೆ ಇಷ್ಟು ಕೊಡುತ್ತೇವೆ ಎಂದು ಎಂಎಲ್‌ಎಸ್‌ನಲ್ಲಿ ಹಾಕುವಂತಿಲ್ಲ. ಆದ್ದರಿಂದ ಕೊಡುವುದೇ ಬೇಡ ಎಂದು ಕೆಲವರು ಲೆಕ್ಕ ಹಾಕುತ್ತಾರೆ. ಮಂದ ಮಾರುಕಟ್ಟೆಯಲ್ಲಿ ಅದು ಜಾಣತನವಲ್ಲ. ಕೈಯಲ್ಲಿ ದುಡ್ಡಿಲ್ಲದ ಕೊಳ್ಳುಗ ಆ ಖರ್ಚು ಹೊರುವ ಬೇರೆ ಮನೆಗೆ ಹೋಗುತ್ತಾನೆ. ಆಫರ್ ಬಂದಾಗ ಮಾತಾಡುತ್ತೇವೆ ಎಂಬುದು ಅವರ ಏಜೆಂಟರಿಗೆ ಗೊತ್ತಿರಲಿ.

ರಿಯಾಯಿತಿಯ 9,000ವನ್ನು ಬೆಲೆಯಲ್ಲೇ ಯಾಕೆ ಇಳಿಸಬಾರದು? ಕೊಳ್ಳುವವನು ಶೇ 6.5ರಲ್ಲಿ 4 ಲಕ್ಷ ಸಾಲ ಮಾಡುತ್ತಾನೆ ಎನ್ನಿ. 30 ವರ್ಷಕ್ಕೆ ಕಂತು 2,528. ಬೆಲೆ 9,000 ಇಳಿಸಿದರೆ ಅವನ ಕಂತು ತಿಂಗಳಿಗೆ 57 ಕಡಿಮೆ. ಅದೇ ಹಣವನ್ನು '2-1 ಬೈಡೌನ್'ಗೆ (ಮೊದಲ ವರ್ಷ ಬಡ್ಡಿ ಶೇ 2, ಎರಡನೆಯ ವರ್ಷ ಶೇ 1 ಕಡಿಮೆ ಬೀಳುವಂತೆ ವ್ಯತ್ಯಾಸವನ್ನು ನೀವೇ ಮೊದಲು ಕಟ್ಟುವುದು) ಹಾಕಿದರೆ ಮೊದಲ ವರ್ಷ ಶೇ 4.5ರ ಕಂತು, 2,027. ಎರಡನೆಯ ವರ್ಷ ಶೇ 5.5ರ ಕಂತು, 2,271. ಮೊದಲ ವರ್ಷ ತಿಂಗಳಿಗೆ 500 ಉಳಿತಾಯ. ನಿಮಗೆ ಬೀಳುವುದು ಸುಮಾರು 9,100. ಬಿಲ್ಡರ್ ಮಾಡುವುದೂ ಇದನ್ನೇ. ಎರಡು ಎಚ್ಚರಿಕೆ: ಅರ್ಹತೆಯನ್ನು ಬ್ಯಾಂಕ್ ಪೂರ್ತಿ ಶೇ 6.5ರಲ್ಲೇ ನೋಡುತ್ತದೆ, ಆದ್ದರಿಂದ ಸಾಲವೇ ಹುಟ್ಟದವನಿಗೆ ಇದರಿಂದ ಉಪಯೋಗವಿಲ್ಲ. ರಿಯಾಯಿತಿಗೂ ಮಿತಿಯುಂಟು, ತಾನೇ ವಾಸಿಸಲು ಮಾಮೂಲಿ ಸಾಲದಲ್ಲಿ ಕೊಳ್ಳುವವನು ಶೇ 10ಕ್ಕಿಂತ ಕಡಿಮೆ ಕೈಯಿಂದ ಹಾಕಿದರೆ ಬೆಲೆಯ ಶೇ 3, ಶೇ 10ರಿಂದ 25ರವರೆಗೆ ಹಾಕಿದರೆ ಶೇ 6. ಸರ್ಕಾರಿ ವಿಮೆಯಿರುವ ಎಫ್‌ಎಚ್‌ಎ ಸಾಲಕ್ಕೆ ಶೇ 6.

ಬಾಡಿಗೆಯ ಯೋಚನೆ ಹಿತವಾಗಿ ಕಾಣುತ್ತದೆ, ನಷ್ಟವನ್ನು ನೋಡುವ ದಿನ ಮುಂದಕ್ಕೆ ಹೋಗುತ್ತದಲ್ಲ! ಲೆಕ್ಕ ಹಾಕೋಣ. ಅಸಲು, ಬಡ್ಡಿ, ತೆರಿಗೆ, ವಿಮೆ, ಎಚ್‌ಒಎ ಸೇರಿ ತಿಂಗಳಿಗೆ 3,720. ಬಾಡಿಗೆ 2,400ರಲ್ಲಿ ನೋಡಿಕೊಳ್ಳುವವರಿಗೆ ಶೇ 8 ಹೋದರೆ 2,210. ವರ್ಷಕ್ಕೆ 18,000 ಕೈಯಿಂದ. ಅದರಲ್ಲಿ 7,500ದಷ್ಟು ಅಸಲಿಗೆ ಹೋಯಿತೆಂದು ಸಮಾಧಾನಪಟ್ಟರೂ 10,500 ಶುದ್ಧ ನಷ್ಟ. ಒಂದು ತಿಂಗಳು ಖಾಲಿ ಬಿದ್ದರೆ, ಎಸಿ ಕೆಟ್ಟರೆ ಅದು ಬೇರೆ. ಸ್ವಂತ ವಾಸದ ಮನೆಗೆ ಸಿಗುವ ಹೋಮ್‌ಸ್ಟೆಡ್ ವಿನಾಯಿತಿ ತಪ್ಪಿ ತೆರಿಗೆಯೂ ಏರುತ್ತದೆ. ಒಮ್ಮೆ ಕೊಡುವ 12,000ದ ಬದಲು ವರ್ಷವರ್ಷವೂ ಅಷ್ಟನ್ನೇ ಕೊಟ್ಟಂತಾಯಿತು. ಬಾಡಿಗೆ ಮನೆ ಮಾಡಿದರೆ ಈ ನಷ್ಟವನ್ನು ಟ್ಯಾಕ್ಸಿನಲ್ಲಿ ಕಳೆಯಬಹುದು ಎಂಬ ಮಾತನ್ನೂ ನಂಬಬೇಡಿ. ಬಾಡಿಗೆಗೆ ಬಿಟ್ಟ ದಿನದ ಮಾರುಕಟ್ಟೆ ಬೆಲೆ ಅಥವಾ ಕೊಂಡ ಬೆಲೆ, ಎರಡರಲ್ಲಿ ಕಡಿಮೆಯದನ್ನೇ ನಷ್ಟದ ಲೆಕ್ಕಕ್ಕೆ ಹಿಡಿಯುತ್ತಾರೆ. ಅಲ್ಲಿಯವರೆಗೆ ಇಳಿದದ್ದು ಇಳಿದಂತೆಯೇ. ಬಾಡಿಗೆ ಖರ್ಚಿನ ಹತ್ತಿರಕ್ಕಾದರೂ ಬರುವ, ಶೇ 3ರ ಹಳೆಯ ಸಾಲವಿರುವ ಮನೆಯಾಗಿದ್ದರೆ ನನ್ನ ಉತ್ತರ ಬೇರೆಯಿರುತ್ತಿತ್ತು.

ಮನೆಯ ಸ್ಥಿತಿಗೆ ಬರೋಣ. ಯಾರೂ ಮುಖಕ್ಕೆ ಹೇಳದ್ದು ಒಗ್ಗರಣೆಯ ವಾಸನೆ. ನಮಗೆ ಗೊತ್ತಾಗುವುದಿಲ್ಲ, ಬಾಗಿಲು ತೆಗೆದವರಿಗೆ ಗೊತ್ತಾಗುತ್ತದೆ. ಹೊಸ ಬಡಾವಣೆಗಳ ಅನೇಕ ಮನೆಗಳಲ್ಲಿ ಒಲೆಯ ಮೇಲಿನ ಮೈಕ್ರೊವೇವ್ ಫ್ಯಾನು ಹೊಗೆಯನ್ನು ಹೊರಗೆ ಹಾಕದೆ ಒಳಗೇ ತಿರುಗಿಸುತ್ತದೆ. ಅದರ ಲೋಹದ ಜಾಲರಿಯನ್ನು ಬಿಸಿನೀರು, ಪಾತ್ರೆ ಸೋಪಿನಲ್ಲಿ ನೆನೆಸಿ ತೊಳೆಯಿರಿ, ಇದ್ದಿಲು ಫಿಲ್ಟರ್ ಹೊಸದು ಹಾಕಿ. ಕ್ಯಾಬಿನೆಟ್‌ಗಳ ನೆತ್ತಿಯ ಜಿಡ್ಡು ಒರೆಸಿ, ಪರದೆ ಒಗೆಯಿರಿ, ಕಾರ್ಪೆಟ್ ತೊಳೆಸಿ, ಎಸಿ ಫಿಲ್ಟರ್ ಬದಲಿಸಿ. ಊದುಬತ್ತಿ, ರೂಮ್ ಫ್ರೆಶ್ನರ್ ಹಚ್ಚಿದರೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ಬರುತ್ತದೆ. ಪ್ಯಾಂಟ್ರಿಯನ್ನು ದೇವರಮನೆ ಮಾಡಿದ್ದರೆ ಅದು ಮತ್ತೆ ಪ್ಯಾಂಟ್ರಿಯಾಗಿಯೇ ಕಾಣಲಿ. ಮನೆ ಪೂರ್ವಕ್ಕೋ ಉತ್ತರಕ್ಕೋ ಮುಖವಿದ್ದರೆ ಲಿಸ್ಟಿಂಗ್‌ನಲ್ಲಿ ತಪ್ಪದೆ ಬರೆಸಿ, ಈ ಭಾಗದಲ್ಲಿ ಅದನ್ನೇ ಮೊದಲು ನೋಡುವ ನಮ್ಮವರು ಬೇಕಾದಷ್ಟಿದ್ದಾರೆ.

ಐ-35 ಹೆದ್ದಾರಿಯ ಪೂರ್ವಕ್ಕಿರುವ ಹಟೊ, ಫ್ಲೂಗರ್‌ವಿಲ್ ಕಡೆಯ ಮಣ್ಣು ಧಾರವಾಡದ ಎರೆಮಣ್ಣಿನಂತೆ: ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಮೇಲಿನ ಕಾಂಕ್ರೀಟ್ ಹಾಸು ಅದರೊಂದಿಗೆ ಏರಿಳಿಯುತ್ತದೆ. ಇನ್‌ಸ್ಪೆಕ್ಷನ್‌ನಲ್ಲಿ ಆಫರ್ ಮುರಿಯುವುದು ಬಹುಪಾಲು ಇಲ್ಲಿಯೇ. ಗೋಡೆಯಿಂದ ಹತ್ತು ಅಡಿಯಲ್ಲಿ ಆರು ಇಂಚು ಇಳಿಜಾರಿರಬೇಕು, ಮಳೆನೀರಿನ ಕೊಳವೆ ಬುಡದಲ್ಲೇ ಸುರಿಯಬಾರದು. ಬಾಗಿಲ ಮೂಲೆಗಳಲ್ಲಿ ಓರೆ ಬಿರುಕು, ಮುಚ್ಚದ ಬಾಗಿಲು ಇದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಮೊದಲೇ ವರದಿ ಬರೆಸಿ. ರಿಪೇರಿ ಮಾರುವ ಕಂಪನಿಯ 'ಉಚಿತ ತಪಾಸಣೆ'ಗೆ ಬೆಲೆಯಿಲ್ಲ. ಬಿಲ್ಡರ್ ಕೊಟ್ಟ ವಾರಂಟಿ ಹೊಸ ಮಾಲೀಕರಿಗೆ ವರ್ಗವಾಗುತ್ತದೆಯೇ ಎಂದು ಕೇಳಿ, ವರ್ಗವಾಗುವುದಾದರೆ ಆ ಕಾಗದವನ್ನು ಅಡುಗೆಕಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಇಡಿ.

ಕೊಂಡಾಗ ಕೊಟ್ಟಿದ್ದ ಸರ್ವೆ ನಕ್ಷೆ ಹುಡುಕಿಡಿ. ಅದರ ಜೊತೆ, ಆ ಸರ್ವೆಯ ನಂತರ ಜಾಗದಲ್ಲಿ ಏನು ಬದಲಾಗಿದೆ ಎಂದು ಹೇಳುವ ಟಿ-47 ಪ್ರಮಾಣಪತ್ರ ಕೊಟ್ಟು, ಟೈಟಲ್ ಕಂಪನಿಯೂ ಕೊಳ್ಳುವವನ ಬ್ಯಾಂಕೂ ಒಪ್ಪಿದರೆ ಹೊಸ ಸರ್ವೆಯ ಖರ್ಚು ಉಳಿಯುತ್ತದೆ.

ಶ್ರೀಮತಿಯವರ ಸಹಿ ದೊಡ್ಡ ವಿಷಯ. ವಾಸದ ಮನೆ ಮಾರಲು ಟೆಕ್ಸಸ್‌ನಲ್ಲಿ ಗಂಡ-ಹೆಂಡತಿ ಇಬ್ಬರ ಸಹಿಯೂ ಬೇಕು, ಕ್ರಯಪತ್ರದಲ್ಲಿ ಒಬ್ಬರದೇ ಹೆಸರಿದ್ದರೂ. ಅವರು ಊರಿನಲ್ಲಿದ್ದರೆ ಈ ಮನೆಯ ಮಾರಾಟಕ್ಕೆಂದೇ ಬರೆದ ಪವರ್ ಆಫ್ ಅಟಾರ್ನಿ ಮಾಡಿಸಿ. ಕರಡನ್ನು ಮೊದಲು ಟೈಟಲ್ ಕಂಪನಿಗೆ ತೋರಿಸಿ ಒಪ್ಪಿಗೆ ಪಡೆಯಿರಿ, ಅಮೆರಿಕದ ಕಾನ್ಸುಲೇಟ್‌ನಲ್ಲಿ ನೋಟರಿಯೋ ಭಾರತದ ನೋಟರಿ ಮತ್ತು ಅಪೊಸ್ಟೀಲೋ (ಹೊರದೇಶದಲ್ಲಿ ನಡೆಯಲು ಸರ್ಕಾರ ಹಾಕುವ ದೃಢೀಕರಣ) ಯಾವುದು ನಡೆಯುತ್ತದೆಂದೂ ಅವರನ್ನೇ ಕೇಳಿ. ಮೂಲ ಪ್ರತಿ ಕೊರಿಯರ್‌ನಲ್ಲಿ ಬರಬೇಕು. ಆಫರ್ ಬಂದ ಮೇಲೆ ಶುರುಮಾಡಿದರೆ 30 ದಿನದ ಕ್ಲೋಸಿಂಗ್ ತಪ್ಪುತ್ತದೆ.

ವೀಸಾದವರು ಮರೆಯುವುದು ಫಿರ್ಪ್ಟಾ ಎಂಬ ತೆರಿಗೆ ಕಾನೂನು. ಮಾರುವವರು ಟ್ಯಾಕ್ಸ್ ಲೆಕ್ಕದಲ್ಲಿ ವಿದೇಶಿಯಾದರೆ ಕೊಳ್ಳುವವರು ಬೆಲೆಯ ಒಂದು ಪಾಲನ್ನು ಹಿಡಿದು ಐಆರ್‌ಎಸ್‌ಗೆ (ಅಮೆರಿಕದ ತೆರಿಗೆ ಇಲಾಖೆ) ಕಟ್ಟಬೇಕು. ಮಾಮೂಲಿ ದರ ಶೇ 15. ಕೊಳ್ಳುವವರು ವಾಸಕ್ಕೆಂದು ಕೊಂಡು ಬೆಲೆ 3 ಲಕ್ಷದಿಂದ 10 ಲಕ್ಷದ ನಡುವಿದ್ದರೆ ಶೇ 10. ಹಿಡಿಯುವುದು ಪೂರ್ತಿ ಬೆಲೆಯ ಮೇಲೆ, ಲಾಭದ ಮೇಲಲ್ಲ. ನಷ್ಟದಲ್ಲಿ ಮಾರುತ್ತಿರುವ ನಿಮಗೂ 47,000 ಆಗುತ್ತದೆ, ಸಾಲ ಕಳೆದರೆ ಮನೆಯ ಬೆಲೆಯಲ್ಲಿ ನಿಮಗೆ ಅಷ್ಟು ಹಣವೇ ಉಳಿದಿಲ್ಲ. ಎಚ್-1ಬಿಯಲ್ಲಿ ಇಲ್ಲೇ ವರ್ಷಗಟ್ಟಲೆ ಇರುವವರು ಸಾಮಾನ್ಯವಾಗಿ ಟ್ಯಾಕ್ಸಿಗೆ ನಿವಾಸಿಗಳು, 'ವಿದೇಶಿಯಲ್ಲ' ಎಂಬ ಪ್ರಮಾಣಪತ್ರಕ್ಕೆ ಸಹಿ ಮಾಡಿದರೆ ಮುಗಿಯಿತು. ದಿನಗಳ ಲೆಕ್ಕ ಹೀಗೆ: ಈ ವರ್ಷ ಇಲ್ಲಿದ್ದ ದಿನಗಳು, ಕಳೆದ ವರ್ಷದವುಗಳ ಮೂರರಲ್ಲೊಂದು, ಅದರ ಹಿಂದಿನದರ ಆರರಲ್ಲೊಂದು, ಒಟ್ಟು 183 ಮುಟ್ಟಬೇಕು, ಈ ವರ್ಷ ಕನಿಷ್ಠ 31 ದಿನ ಇರಬೇಕು. ಶ್ರೀಮತಿಯವರ ಹೆಸರೂ ಪತ್ರದಲ್ಲಿದ್ದರೆ ಅವರ ಲೆಕ್ಕ ಬೇರೆಯಾಗಿಯೇ ಹಾಕಬೇಕು, ಸಿಪಿಎ (ತೆರಿಗೆ ನೋಡುವ ಲೆಕ್ಕಿಗರು) ಹತ್ತಿರ ಈಗಲೇ ಮಾತಾಡಿ. ತೊಡಕಿದ್ದರೆ 8288-ಬಿ ಫಾರಂ ಹಾಕಿ ಕಡಿತ ಇಳಿಸಲು ಕೇಳಬಹುದು. ಕ್ಲೋಸಿಂಗ್‌ಗೆ ಮೊದಲೇ ಹಾಕಿ, ಉತ್ತರಕ್ಕೆ 90 ದಿನದಷ್ಟು ಹಿಡಿಯುತ್ತದೆ.

ಸಿಯಾಟಲ್‌ಗೆ ಹೊರಟ ಮೇಲೆ ಮನೆ ಖಾಲಿ. ಬಹಳಷ್ಟು ವಿಮೆಗಳು 30 ಅಥವಾ 60 ದಿನ ಖಾಲಿಯಿದ್ದರೆ ಕೆಲವು ಹಾನಿಗಳಿಗೆ ದುಡ್ಡು ಕೊಡುವುದಿಲ್ಲ. ಫೋನ್ ಮಾಡಿ ಖಾಲಿ ಮನೆಯ ವಿಮೆ ಸೇರಿಸಿಕೊಳ್ಳಿ. ನೀರಿನ ಮುಖ್ಯ ವಾಲ್ವ್ ಮುಚ್ಚಿ, ಚಳಿಗಾಲದಲ್ಲಿ ಥರ್ಮೋಸ್ಟಾಟ್ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಬಿಡಬೇಡಿ. 2021ರ ಫೆಬ್ರವರಿಯ ಹಿಮದಲ್ಲಿ ಟೆಕ್ಸಸ್‌ನಲ್ಲಿ ಒಡೆದ ಪೈಪುಗಳನ್ನು ಇಲ್ಲಿಯ ಕೊಳ್ಳುಗರು ಮರೆತಿಲ್ಲ.

ಕ್ಲೋಸಿಂಗ್ ಹತ್ತಿರ ಬಂದಾಗ ಹಣ ಕಳಿಸುವ ಖಾತೆ ಬದಲಾಗಿದೆ ಎಂಬ ಈಮೇಲ್ ಬಂದರೆ ಅದು ಮೋಸವೆಂದೇ ತಿಳಿಯಿರಿ. ಟೈಟಲ್ ಕಂಪನಿಗೆ, ಆ ಈಮೇಲಿನಲ್ಲಿರುವ ನಂಬರಿಗಲ್ಲ, ನಿಮ್ಮ ಬಳಿ ಮೊದಲೇ ಇದ್ದ ನಂಬರಿಗೆ ಫೋನ್ ಮಾಡಿ. ವಿಮೆ, ಕರೆಂಟು ನಿಲ್ಲಿಸುವುದು ಸಹಿ ಹಾಕಿದ ದಿನವಲ್ಲ. 'ಫಂಡ್ ಆಯಿತು' (ಕೊಳ್ಳುವವನ ಹಣ ಬಂದು ಸೇರಿತು) ಎಂದು ಟೈಟಲ್ ಕಂಪನಿ ಹೇಳಿದ ಮರುದಿನ.